ಅವಳ ರೋಗವನ್ನು ಬೇಡಿಕೊಂಡವನು

ಶೇವಂತೆವ್ವ ನೀರು ಕುಡಿದು ಬರುವಷ್ಟರಲ್ಲಿ ಯಾರೋ ಗಂಡಸು ಅವಳ ಜಾಗದಲ್ಲಿ ಕೂತಿದ್ದ. ಸಾಲದ್ದಕ್ಕೆ ಅವಳ ಛತ್ರಿಯನ್ನು ತೊಡೆಯ ಮೇಲೆ ಮಲಗಿಸಿಕೊಂಡಿದ್ದ. ಅವಳಿಗೆ ಸಿಟ್ಟು ಬಂತು.

"ಆ ಛತ್ರಿ ನಂದರಿ," ಎಂದಳು.

"ಹೌದೇನ್ರಿ? ಯಾರೋ ಮರತು ಹೋಗ್ಯಾರ ಅಂತ ಕಾಯಕೋತ ಕುಂತಿದ್ದೆ."

"ಜಾಗಾನೂ ನಂದ ಐತಿ."

ಅವನು ದಡಬಡಿಸಿ ಎದ್ದ. ಛತ್ರಿ ನೆಲಕ್ಕೆ ಬಿತ್ತು. ಅದನ್ನು ಎತ್ತಿ, ಧೋತರದ ಅಂಚಿನಿಂದ ಧೂಳು ಒರೆಸಿ, ಎರಡೂ ಕೈಯಲ್ಲಿ ಹಿಡಿದು ಕೊಟ್ಟ. ಅವಳಿಗೆ ನಗು ಬರುವಂತಾಯಿತು, ನಗಲಿಲ್ಲ.

ಹುಬ್ಬಳ್ಳಿಯ ದೊಡ್ಡ ದವಾಖಾನೆಯಲ್ಲಿ ಎದೆಯ ಫೋಟೋ ತೆಗೆಯುವ ಕೋಣೆಯ ಹೊರಗಿನ ಬೆಂಚು ಅದು. ಕಿಟಕಿಯ ಪಕ್ಕದ ತುದಿಯಲ್ಲಿ ಕೂತರೆ ಬದಿಯಲ್ಲಿ ಒಬ್ಬರೇ ಇರುತ್ತಾರೆ. ಅವರೂ ಸರಿದು ಕೂತರೆ ಯಾರೂ ಇರುವುದಿಲ್ಲ. ವರ್ಷಕ್ಕೊಮ್ಮೆ ಬರುವ ಶೇವಂತೆವ್ವನಿಗೆ ಅದೇ ರೂಢಿಯಾಗಿತ್ತು. ಆದರೆ ಈ ಮನುಷ್ಯ ಸರಿಯಲಿಲ್ಲ. ಅವಳ ಬಗಲಲ್ಲೇ ಕೂತ.

"ಸ್ವಲ್ಪ ಅತ್ತಾಗ ಸರೀರಿ," ಎಂದಳು. "ನನಗ ಟಿ.ಬಿ. ಆಗಿತ್ತು."

ಯಾರಾದರೂ ತಿಳಿದುಕೊಂಡು ಮುಖ ಸಿಂಡರಿಸುವ ಮೊದಲೇ ತಾನೇ ಹೇಳಿಬಿಡುವುದು ಅವಳ ಅಭ್ಯಾಸ. ಕೇಳಿದವರ ಕಣ್ಣು ಹೇಗೆ ಹಿಂದೆ ಸರಿಯುತ್ತದೆಂದು ಅವಳಿಗೆ ಗೊತ್ತಿತ್ತು. ಇವನ ಕಣ್ಣು ಅರಳಿದವು.

"ಖರೇನ? ಈಗ ಆರಾಮೇನ್ರಿ?"

"ಆರಾಮದೀನಿ. ಆಗಿ ಭಾಳ ವರ್ಷಾತು. ಮತ್ತ ತಿರುಗಿ ಬಂದೈತೇನು ಅಂತ ವರ್ಷಕ್ಕೊಮ್ಮೆ ನೋಡ್ತಾರ."

"ಹಂಗಾದ್ರ ನನಗೂ ಅದ ಇರಲಿ ಅಂತ ಒಂದ್ಮಾತು ಬೇಡಿಕೊಳ್ರಿ ಅಕ್ಕೋರ."

ಬೆರಳಿನ ಸೀಮೆಸುಣ್ಣ ನೋಡಿ ಅವಳು ಸಾಲಿ ಕಲಿಸುವವಳೆಂದು ತಿಳಿದುಕೊಂಡಿದ್ದ. ಶೇವಂತೆವ್ವನ ಮುಖ ಕೆಂಪಾಯಿತು. "ಚಾಷ್ಟಿ ಮಾಡಾಕತ್ತೀರೇನು?"

"ಇಲ್ರೀ. ದೇವರಾಣಿ ಇಲ್ಲ."

ಅವನ ಹೆಸರು ಹುಲಗಪ್ಪ. ರೈಲ್ವೆ ವರ್ಕ್‌ಶಾಪಿನಲ್ಲಿ ನಕ್ಷೆಗಳ ನಕಲು ತೆಗೆಯುವ ಕೆಲಸ. ಹೆಂಡತಿ ಬಾಣಂತನದಲ್ಲೇ ತೀರಿಹೋಗಿ ವರ್ಷಗಳಾಗಿದ್ದವು. ಬೆಂಗೇರಿಯಲ್ಲಿ ಒಂದು ಕೋಣೆ, ಒಂದು ಸ್ಟೋವು, ಒಬ್ಬನೇ. ಕಳೆದ ತಿಂಗಳು ವರ್ಕ್‌ಶಾಪಿನ ಗೇಟಿಗೆ ಎಕ್ಸರೇ ಗಾಡಿ ಬಂದು, ಅಂಗಿ ಬಿಚ್ಚಿ ಸಾಲಾಗಿ ನಿಂತವರ ಎದೆಯ ಸಣ್ಣ ಸಣ್ಣ ಫೋಟೋ ತೆಗೆದುಕೊಂಡು ಹೋಗಿತ್ತು. ಅನುಮಾನ ಬಂದವರನ್ನು ಮಾತ್ರ ದೊಡ್ಡ ಫೋಟೋಕ್ಕೆ ಕರೆದರು. ಹುಲಗಪ್ಪನ ಬಲ ಪುಪ್ಪುಸದ ಮೇಲ್ಭಾಗದಲ್ಲಿ ಹುಣಸೆಬೀಜದಷ್ಟು ನೆರಳು ಕಂಡಿತ್ತು.

"ಡಾಕ್ಟರ್ ಸಾಹೇಬ್ರು ಟಿ.ಬಿ. ಇರಬಹುದು ಅಂದ್ರು. ಇರದಿದ್ದರ ಅಂತ ಕೇಳಿದ್ದಕ್ಕ, ದಿನಾ ಎಷ್ಟು ಬೀಡಿ ಸೇದ್ತಿ ಅಂತ ನನ್ನನ್ನ ಕೇಳಿದ್ರು." ಹುಲಗಪ್ಪ ತನ್ನ ಹಳದಿಗಟ್ಟಿದ ಬೆರಳುಗಳನ್ನು ನೋಡಿಕೊಂಡ. "ಪೇಪರಿನ್ಯಾಗ ಓದೀನ್ರಿ ಅಕ್ಕೋರ. ಸೇದವರಿಗೆ ಪುಪ್ಪುಸದಾಗ ಕ್ಯಾನ್ಸರ್ ಆಗತೈತಂತ. ಅದಕ್ಕ ಔಷಧ ಇಲ್ಲ. ನಿಮ್ಮದಕ್ಕ ಐತಿ."

ಶೇವಂತೆವ್ವ ಆ ಬೆರಳುಗಳನ್ನೇ ನೋಡಿದಳು.

ಆ ರೋಗ ಅವಳಿಂದ ಏನೆಲ್ಲ ಕಸಿದುಕೊಂಡಿತ್ತು! ಗೊತ್ತಾದ ಮದುವೆ ಮುರಿದಿತ್ತು. ಧಾರವಾಡದ ಸಪ್ತಾಪುರದಲ್ಲಿದ್ದ ಅಣ್ಣ ಸೋಮಪ್ಪ ಒಳ್ಳೆಯವನೇ, ಸರಕಾರಿ ನೌಕರ, ತಂಗಿಯನ್ನು ಓದಿಸಿದವನು. ಆದರೆ ಅವನ ಮನೆಯಲ್ಲಿ ಅವಳ ತಾಟು ಬೇರೆ, ಅವಳ ಚೊಂಬು ಬೇರೆ. ವಾಸಿಯಾಯಿತೆಂದು ಡಾಕ್ಟರು ಎಷ್ಟು ಸಲ ಹೇಳಿದರೂ ಅತ್ತಿಗೆ ಮಕ್ಕಳನ್ನು ಅವಳ ಹತ್ತಿರ ಬಿಡಲಿಲ್ಲ. ಕೊನೆಗೆ ಅವಳೇ ಹುಬ್ಬಳ್ಳಿಗೆ ವರ್ಗ ಮಾಡಿಸಿಕೊಂಡು, ಕಮರಿಪೇಟೆಯಲ್ಲಿ ದಾವಲಬಿ ಎಂಬ ಮುದುಕಿಯ ಮನೆಯ ಹಿಂದಿನ ಕೋಣೆ ಹಿಡಿದಿದ್ದಳು. ಎಲ್ಲರೂ ಬೇಡವೆನ್ನುವ ಆ ರೋಗವನ್ನು ಈ ಮನುಷ್ಯ ಕೈಜೋಡಿಸಿ ಕೇಳುತ್ತಿದ್ದ.

"ಕಫ ಪರೀಕ್ಷಾಕ ಕೊಟ್ಟೀರೇನು?" ಎಂದು ಕೇಳಿದಳು.

"ನಾಳೆಯಿಂದ ಮೂರು ಮುಂಜಾನೆ ತರಾಕ ಹೇಳ್ಯಾರ."

"ಬಾಯಾಗಿನ ಉಗುಳು ಕೊಟ್ಟೀರಿ ಮತ್ತ! ಎದ್ದ ಕೂಡಲೆ, ಚಾ ಕುಡಿಯೂಕಿಂತ ಮೊದಲ, ಎದಿಯೊಳಗಿಂದ ಕೆಮ್ಮಿ ತಗೀಬೇಕು."

ಅವನು ತಲೆ ತಗ್ಗಿಸಿದ. ಕಿವಿಯ ತುದಿ ಕೆಂಪಾಗಿತ್ತು. "ಇಂಥಾ ಮಾತು ನನ್ನ ಜೋಡಿ ಆಡಿದ ಮೊದಲನೇ ಹೆಣ್ಣಮಗಳು ನೀವ ನೋಡ್ರಿ."

ಈ ಸಲ ಶೇವಂತೆವ್ವ ನಕ್ಕೇಬಿಟ್ಟಳು.

ಕಫದಲ್ಲಿ ಟಿ.ಬಿ. ಹುಳು ಸಿಗಲಿಲ್ಲ. ಸಿಗದಿದ್ದ ಮಾತ್ರಕ್ಕೆ ಇಲ್ಲವೆನ್ನಲು ಬಾರದು ಎಂದರು ಡಾಕ್ಟರ್ ಗುರುಸಿದ್ದಯ್ಯ. ಎರಡು ತಿಂಗಳು ಟಿ.ಬಿ.ಯ ಸೂಜಿಮದ್ದು ಕೊಟ್ಟು ಮತ್ತೊಂದು ಫೋಟೋ ತೆಗೆಯೋಣ ಎಂದು ನಿರ್ಧರಿಸಿದರು. "ನೆರಳು ಐತಿ ಅಂತಷ್ಟ ಒಂದನೇ ಫೋಟೋ ಹೇಳತೈತಿ. ಅದು ಸಣ್ಣದಾಗಾಕತ್ತೇತೋ ದೊಡ್ಡದಾಗಾಕತ್ತೇತೋ ಹೇಳೂದು ಎರಡನೇದು," ಎಂದರು.

ಸೂಜಿ ಹಾಕಿಸಿಕೊಂಡು ಹುಲಗಪ್ಪ ಹೊರಬರುವ ಹೊತ್ತಿಗೆ, ಸಾಲಿ ಬಿಟ್ಟ ಮೇಲೆ ಶೇವಂತೆವ್ವ ದವಾಖಾನೆಯ ಗೇಟಿನ ಹತ್ತಿರ ಇರುತ್ತಿದ್ದಳು. ಮೊದಲ ದಿನ ಆ ದಾರಿಯಲ್ಲೇ ಹೊರಟಿದ್ದೆ ಎಂದಳು. ಎರಡನೆಯ ದಿನವೂ ಹಾಗೆಂದಳು. ಆಮೇಲೆ ಅವನು ಕೇಳಲಿಲ್ಲ, ಅವಳು ಹೇಳಲಿಲ್ಲ. ಇಬ್ಬರೂ ಪರಿಚಯವಿಲ್ಲದವರಂತೆ ಒಂದಿಷ್ಟು ಅಂತರ ಬಿಟ್ಟು ನಡೆಯುತ್ತಿದ್ದರು. ಜನ ಕಡಿಮೆಯಾದ ಕಡೆ ಅಂತರವೂ ಕಡಿಮೆಯಾಗುತ್ತಿತ್ತು.

ಬೀಡಿ ಬಿಟ್ಟ ಅವನ ಕೈಗೆ ಏನು ಮಾಡಬೇಕೆಂದು ತಿಳಿಯುತ್ತಿರಲಿಲ್ಲ. ಕಿಸೆಗೆ ಹೋಗುತ್ತಿತ್ತು, ಬರಿದೇ ಹೊರಗೆ ಬರುತ್ತಿತ್ತು. ಅವಳು ಸೆರಗಿನ ಗಂಟಿನಿಂದ ಹುರಿದ ಶೇಂಗಾ ತೆಗೆದು ಆ ಕೈಯಲ್ಲಿ ಹಾಕುತ್ತಿದ್ದಳು. ಬೆರಳು ತಾಗದಂತೆ ಹಾಕುತ್ತಿದ್ದಳು. ಒಂದು ದಿನ ತಾಗಿತು. ಶೇಂಗಾ ಎಲ್ಲ ರಸ್ತೆಯ ಪಾಲಾಯಿತು.

"ಅಕ್ಕೋರ, ದಂಡಾತಲ್ರೀ," ಎಂದ, ಅವಳ ಮುಖವನ್ನೇ ನೋಡುತ್ತ.

"ಈ ಅಕ್ಕೋರ ಅನ್ನೂದೊಂದು ಬಿಡ್ರಿ."

"ಮತ್ತ ಏನನ್ನಲಿ?"

"ನನಗ ಹೆಸರಿಲ್ಲೇನು?"

ಅವನು ಬಾಯಿ ತೆರೆದ, ಆದರೆ ಹೆಸರು ಹೊರಬರಲಿಲ್ಲ. ದಾರಿಯುದ್ದಕ್ಕೂ ಅವನು ಅದನ್ನು ಒಳಗೊಳಗೇ ಹೇಳಿ ನೋಡುತ್ತಿದ್ದಾನೆಂದು ಅವಳಿಗೆ ಗೊತ್ತಾಗುತ್ತಿತ್ತು.

ಇನ್ನೊಂದು ಸಂಜೆ ಅವನು ಬಡ್ತಿ ಸಿಕ್ಕವನಂತೆ ಹಿಗ್ಗಿಕೊಂಡು ಬಂದ. "ಕ್ಯಾಂಟೀನಿನ್ಯಾಗ ನನ್ನ ಕಪ್ಪು ಬ್ಯಾರೆ ಇಟ್ಟಾರ್ರಿ! ಎಲ್ಲಾರೂ ನನಗ ಟಿ.ಬಿ. ಅಂತ ನಂಬ್ಯಾರ."

ಶೇವಂತೆವ್ವ ನಿಂತುಬಿಟ್ಟಳು. "ಮೊದಲನೇ ದಿವಸ ನಗು ಬರತೈತ್ರಿ," ಎಂದಳು ಮೆಲ್ಲಗೆ. "ನಾನೂ ನಕ್ಕಿದ್ದೆ."

ಅವನ ಹಿಗ್ಗು ಇಳಿಯಿತು. ಅವಳ ಕಣ್ಣಲ್ಲಿ ನಿಂತ ನೀರನ್ನು ನೋಡಿ, ತನ್ನ ತಪ್ಪು ಯಾವುದೆಂದು ತಿಳಿಯದೆ ಹುಡುಕುವವನಂತೆ ನೋಡಿದ. ನಂತರ ತಿಳಿಯಿತು. ಆ ಸಂಜೆ ಅವಳ ಮನೆಯ ಓಣಿಯ ತುದಿಯವರೆಗೆ ಬಂದ, ಯಾರು ನೋಡಿದರೂ ನೋಡಲಿ ಎಂಬಂತೆ ಬದಿಯಲ್ಲೇ ನಡೆದು ಬಂದ.

ಎರಡನೆಯ ಫೋಟೋ ಬಂದ ದಿನ ಶೇವಂತೆವ್ವ ಸಾಲಿಗೆ ರಜೆ ಹಾಕಿದಳು. ಡಾಕ್ಟರ್ ಗುರುಸಿದ್ದಯ್ಯ ಎರಡೂ ಫೋಟೋಗಳನ್ನು ಕಿಟಕಿಯ ಬೆಳಕಿಗೆ ಹಿಡಿದರು. ಹೇಳುವುದಕ್ಕಿಂತ ಮೊದಲೇ ಅವಳಿಗೆ ಕಂಡಿತು. ಹುಣಸೆಬೀಜ ಈಗ ನೆಲ್ಲಿಕಾಯಿಯಷ್ಟಾಗಿತ್ತು.

"ಮದ್ದಿಗೆ ಬಗ್ಗಲಿಲ್ಲ. ಇನ್ನ ಕಾಯೂದು ಬ್ಯಾಡ," ಎಂದರು ಡಾಕ್ಟರು. "ಮಿರಜಕ್ಕ ಹೋಗ್ರಿ. ಬಾಯಿಂದ ಕೊಳವಿ ಇಳಿಸಿ ಒಂದು ಚೂರು ತಗದು ಪರೀಕ್ಷಾ ಮಾಡ್ತಾರ. ಅದ ಅಂತ ಗೊತ್ತಾದ್ರ, ಹಬ್ಬಿರದಿದ್ದರ, ಆ ಭಾಗಾನ ಕೊಯ್ದು ತಗೀತಾರ. ಕೆಮ್ಮಿಲ್ಲ, ರಕ್ತ ಬಿದ್ದಿಲ್ಲ, ಲಗೂ ಸಿಕ್ಕೈತಿ. ಅದೊಂದು ಛಲೋ."

ಹೊರಗೆ ಬಂದ ಮೇಲೆ ಹುಲಗಪ್ಪ ಗೋಡೆಗೆ ಒರಗಿ ನಿಂತ. "ನಿಮ್ಮ ರೋಗ ನನಗ ಸಿಗಲಿಲ್ಲ ನೋಡ್ರಿ," ಎಂದ.

 ಹೇಳಬೇಕಾದ್ದನ್ನು ನಾಳೆ ಹೇಳಿದರಾಯಿತು ಎಂದುಕೊಂಡಳು ಅವಳು. ಮರುದಿನ ಅವನು ಗೇಟಿನ ಹತ್ತಿರ ಬರಲಿಲ್ಲ. ಅವಳಿಗೆ ಹೇಳದೆ, ಒಬ್ಬನೇ ಮಿರಜದ ಬೆಳಗಿನ ಗಾಡಿಗೆ ಹೋಗಿಬಿಟ್ಟಿದ್ದ.

ಆಮೇಲಿನ ದಿನಗಳನ್ನು ಶೇವಂತೆವ್ವ ಹೇಗೆ ಕಳೆದಳೆಂದು ಅವಳಿಗೇ ಗೊತ್ತು. ವರ್ಕ್‌ಶಾಪಿನ ಭೋಂಗಾ ಎಂದಿನಂತೆ ಕೂಗುತ್ತಿತ್ತು, ಸೈಕಲ್ಲುಗಳ ಹಿಂಡು ಹೊರಬೀಳುತ್ತಿತ್ತು, ಅದರಲ್ಲಿ ಅವನಿರಲಿಲ್ಲ. ಸೆರಗಿನಲ್ಲಿ ಶೇಂಗಾ ಕಟ್ಟಿಕೊಳ್ಳುವ ಕೈ ತಾನಾಗಿಯೇ ಕಟ್ಟಿಕೊಳ್ಳುತ್ತಿತ್ತು. ಮೊದಲೂ ಒಬ್ಬಳೇ ಇದ್ದಳು. ಆದರೆ ಆಗ ಖಾಲಿ ಕೋಣೆ ಬರೀ ಖಾಲಿಯಾಗಿತ್ತು. ಈಗ ಅದರಲ್ಲಿ ಒಬ್ಬನು ಇರಲಿಲ್ಲ.

ಒಂದು ದಿನ ಧೈರ್ಯ ಮಾಡಿ ವರ್ಕ್‌ಶಾಪಿನ ಆಫೀಸಿಗೆ ಹೋಗಿ ಅವನ ಸುದ್ದಿ ವಿಚಾರಿಸಿದಳು.

"ನೀವು ಅವರಿಗೆ ಏನಾಗಬೇಕ್ರಿ?" ಎಂದು ಅಲ್ಲಿನ ಗುಮಾಸ್ತ ಕೇಳಿದ.

ತಂಗಿಯೆನ್ನಲು ಬಾಯಿ ಬರಲಿಲ್ಲ. ಹೆಂಡತಿಯೆನ್ನಲು ಹಕ್ಕಿರಲಿಲ್ಲ. ಅವಳು ತಿರುಗಿ ಹೊರಗೆ ಬಂದಳು.

ಅಂದು ಸಂಜೆ ಅವಳು ಒಲೆ ಹಚ್ಚಲಿಲ್ಲ. ದಾವಲಬಿ ರೊಟ್ಟಿ ಹಿಡಿದುಕೊಂಡು ಬಂದಳು, ಅವಳ ಮುಖ ನೋಡಿದಳು, ಪಕ್ಕದಲ್ಲಿ ಕೂತಳು. ಶೇವಂತೆವ್ವ ಎಲ್ಲ ಹೇಳಿಕೊಂಡಳು.

"ಅಯ್ಯ ಹುಚ್ಚಿ, ಇಷ್ಟಕ್ಕ ಅಳತೀ ಏನು?" ಎಂದಳು ಮುದುಕಿ. "ಮಿರಜದಾಗ ದರ್ಗಾ ಐತಿ. ನಾ ಜಿಯಾರತಕ್ಕ ಹೊಂಟೇನಿ. ವಯಸ್ಸಾದಾಕಿ, ಒಬ್ಬಾಕಿ ಹ್ಯಾಂಗ ಹೋಗಲಿ? ನೀ ನನ್ನ ಜೋಡಿ ಬರಾಕತ್ತೀ. ಇದರಾಗ ಯಾರೇನು ಅಂತಾರ?"

ಮಿರಜದ ಆಸ್ಪತ್ರೆಯ ಬಾಗಿಲಲ್ಲಿ ನರ್ಸೊಬ್ಬಳು ಮರಾಠಿಯಲ್ಲಿ ಅದೇ ಪ್ರಶ್ನೆ ಕೇಳಿದಳು: ನೀವು ಪೇಶಂಟಿನ ಯಾರು? ಶೇವಂತೆವ್ವ ಮತ್ತೆ ತಡವರಿಸಿದಳು. "ಘರವಾಲಿ!" ಎಂದು ದಾವಲಬಿ ಹಿಂದಿನಿಂದ ಗದರಿದಳು. "ನೋಡಿದ್ರ ತಿಳಿಯೂದಿಲ್ಲೇನು?" ಶೇವಂತೆವ್ವನ ಕಿವಿ ಬಿಸಿಯಾದವು. ಹೆಂಡತಿಯಲ್ಲ ಎನ್ನಲಿಲ್ಲ.

ವಾರ್ಡಿನ ಕೊನೆಯ ಮಂಚದ ಮೇಲೆ ಹುಲಗಪ್ಪ ದಿಂಬಿಗೆ ಒರಗಿ ಕೂತಿದ್ದ. ಅರ್ಧಕ್ಕರ್ಧ ಇಳಿದುಹೋಗಿದ್ದ. ಬಲಗಡೆ ಬೆನ್ನಿನಿಂದ ಎದೆಯವರೆಗೆ ಪಟ್ಟಿ ಸುತ್ತಿದ್ದರು. ಅವಳನ್ನು ಕಂಡು ಏಳಲು ಹೋದ, ಆಗಲಿಲ್ಲ.

"ಯಾಕ ಬಂದ್ರಿ?"

"ಯಾಕ ಹೇಳಲಾರದ ಬಂದ್ರಿ?"

 ದಾವಲಬಿ ದರ್ಗಾಕ್ಕೆ ಹೊತ್ತಾಯಿತೆಂದು ಗೊಣಗುತ್ತ ಹೊರಟುಹೋದಳು.

"ಕ್ಯಾನ್ಸರ್ ಇತ್ತು," ಎಂದ ಅವನು. ನಡುನಡುವೆ ಉಸಿರಿಗೆ ನಿಲ್ಲುತ್ತಿದ್ದ. "ಪುಪ್ಪುಸದ ಮ್ಯಾಲಿನ ತುಂಡು ತಗದಾರ. ಬ್ಯಾರೆ ಕಡೆ ಹಬ್ಬಿದ್ದು ಕಾಣಲಿಲ್ಲ ಅಂದ್ರು. ಆದರ ಆರಾಮಾತು ಅನ್ನಲಿಲ್ಲ. ಮೂರು ತಿಂಗಳಿಗೊಮ್ಮೆ ಫೋಟೋ ತಗಸಬೇಕಂತ. ಮತ್ತ ಬರಬಹುದು, ಬರದನೂ ಇರಬಹುದು."

"ನನಗ ಆರಾಮಾತು ಅಂದ್ರು. ಯಾರು ನಂಬಿದ್ರು?"

"ನಿಮ್ಮದು ಬ್ಯಾರೆ. ನೀವು ಬದುಕವರು. ಅದಕ್ಕ ನಿಮಗ ಹೇಳಲಾರದ ಬಂದೆ." ಅವನು ಕಿಟಕಿಯ ಕಡೆ ಮುಖ ತಿರುಗಿಸಿದ. "ನನ್ನ ಕಡೆ ಕೊಡಾಕ ಏನೈತಿ? ಇವತ್ತಿನಿಂದ ಮುಂದಿನ ಫೋಟೋದ ತನಕ ಮೂರು ತಿಂಗಳ ಐತಿ. ಅಷ್ಟ."

ಶೇವಂತೆವ್ವ ಮಂಚದ ಅಂಚಿನಲ್ಲಿ ಕೂತಳು. ಸುತ್ತಲಿನ ಮಂಚಗಳವರು ನೋಡುತ್ತಿದ್ದರು. ನೋಡಲಿ ಎಂದು ಬಿಟ್ಟಳು. ಅವನ ಕೈಯನ್ನು ತನ್ನ ಎರಡೂ ಕೈಯೊಳಗೆ ತೆಗೆದುಕೊಂಡಳು. ಬೆರಳಿನ ಹಳದಿ ಮಾಸುತ್ತ ಬಂದಿತ್ತು.

"ಹಂಗಾದ್ರ ಆ ಮೂರು ತಿಂಗಳ ನನಗ ಕೊಡ್ರಿ," ಎಂದಳು. "ಅವು ಮುಗಿದ ಮ್ಯಾಲೆ ಮತ್ತ ಮೂರು ಕೇಳತೇನಿ."

ಅವನು ತಿರುಗಿ ಅವಳನ್ನು ನೋಡಿದ. ಕಣ್ಣಿನಿಂದ ನೀರು ಕೆನ್ನೆಯ ಮೇಲೆ ಇಳಿದು, ಬೆಳೆದ ಗಡ್ಡದೊಳಗೆ ಸೇರಿಹೋಯಿತು. 

"ತಗೋ," ಎಂದ. "ತಗೋ, ಶೇವಂತಾ."

ಮದುವೆ ಧಾರವಾಡದಲ್ಲಿ, ಸದ್ದಿಲ್ಲದೆ ಆಯಿತು. ಸೋಮಪ್ಪ ಬಂದು ಅಕ್ಷತೆ ಹಾಕಿ, ತಂಗಿಯ ತಲೆಯ ಮೇಲೆ ಕೈಯಿಟ್ಟು ಅತ್ತ. ಅತ್ತಿಗೆ ಬರಲಿಲ್ಲ. ದಾವಲಬಿ ಮಾತ್ರ ಸುತ್ತಲೂ ಎಲ್ಲರಿಗೂ ಸಕ್ಕರೆ ಹಂಚಿದಳು. ಮೂರು ತಿಂಗಳಿಗೆ ತೆಗೆದ ಫೋಟೋ ಸ್ವಚ್ಛವಿತ್ತು. ಡಾಕ್ಟರ್ ಗುರುಸಿದ್ದಯ್ಯ ಅದನ್ನು ಎರಡೆರಡು ಸಲ ಬೆಳಕಿಗೆ ಹಿಡಿದು ನೋಡಿ, "ಹೋಗಿ ಬರ್ರಿ. ಮತ್ತ ಮೂರು ತಿಂಗಳಿಗೆ ಭೆಟ್ಟಿ ಆಗೋಣು," ಎಂದರು.

ಆ ಮಧ್ಯಾಹ್ನ ಇಬ್ಬರೂ ಬೆಂಗೇರಿಯ ದಾರಿ ಹಿಡಿದು ಮನೆಗೆ ನಡೆದರು. ಏರು ಬಂದಲ್ಲಿ ಹುಲಗಪ್ಪನ ಉಸಿರು ಸಣ್ಣದಾಗತೊಡಗಿತು. ಅವನು ನಿಲ್ಲುವ ಮೊದಲೇ ಶೇವಂತೆವ್ವ ಒಂದು ಬೇವಿನ ಮರದ ಕೆಳಗೆ ಬಗ್ಗಿ, ಚಪ್ಪಲಿಯ ಪಟ್ಟಿ ಸರಿಮಾಡತೊಡಗಿದಳು.

"ಆ ಚಪ್ಪಲಿ ಎಷ್ಟು ಸಲ ಕಿತ್ತುಹೋಗತೈತಿ?" ಎಂದ ಅವನು, ಮರ ಹಿಡಿದು ನಿಂತು.

"ಹಳೇವು. ನೀವು ಹೊಸಾವು ಕೊಡಸೂತನಕ ಹಿಂಗ."

ಪಟ್ಟಿ ಕಿತ್ತಿಲ್ಲವೆಂದು ಅವನಿಗೆ ಗೊತ್ತಿತ್ತು. ಅವನಿಗೆ ಗೊತ್ತಿದೆಯೆಂದು ಅವಳಿಗೂ ಗೊತ್ತಿತ್ತು. ಬೇವಿನ ಹೂವು ಒಂದೊಂದೇ ಅವಳ ಬೆನ್ನ ಮೇಲೆ ಉದುರುತ್ತಿದ್ದವು.

"ನಡಿ," ಎಂದ ಸ್ವಲ್ಪ ಹೊತ್ತಿಗೆ. "ಉಸಿರು ಬಂತು."

"ತಡೀರಿ," ಎಂದಳು ಅವಳು, ತಲೆ ಎತ್ತದೆ. "ನನ್ನ ಚಪ್ಪಲಿ ಇನ್ನೂ ಸರಿ ಆಗಿಲ್ಲ."