ಎಂಟನೇ ಕವರಿನ ಮುಖ

ಎಂಟನೇ ಕವರಿನಲ್ಲಿ ಕಾವಲುಗಾತಿ ಕೊನೆಗೂ ಮುಖ ತಿರುಗಿಸಿದ್ದಳು. ಭವ್ಯಶ್ರೀಗೆ ಆ ಮುಖ ಒಂದಿಷ್ಟೂ ಹಿಡಿಸಲಿಲ್ಲ.

ಹನ್ನೊಂದು ವರ್ಷಗಳಿಂದ ಒಂದಾದ ಮೇಲೊಂದು ಭಾಗ ಬರುತ್ತಿದ್ದ ವಿಡಿಯೋ ಗೇಮ್ ಅದು. ಹೆಸರೇ ‘ಕಾವಲುಗಾತಿ’. ಸರಸ್ವತಿಪುರಂನ ಒಂದು ಟ್ಯುಟೋರಿಯಲ್ ಮೇಲಿನ ಮಹಡಿಯಲ್ಲಿ ಕೂತು ಹದಿನಾಲ್ಕು ಜನ ಅದನ್ನು ಮಾಡುತ್ತಿದ್ದರು. ಏಳು ಭಾಗ ಬಂದರೂ ಕವರಿನ ಮೇಲೆ ಕೋಟೆ ಕಾಯುವ ಆ ಹೆಣ್ಣಿನ ಮುಖ ಯಾರೂ ಕಂಡಿರಲಿಲ್ಲ. ಒಂದರಲ್ಲಿ ಬೆನ್ನು, ಒಂದರಲ್ಲಿ ಕಂಬಳಿಯ ಮುಸುಕು, ಇನ್ನೊಂದರಲ್ಲಿ ಗುರಾಣಿ ಅಡ್ಡ. ಅದು ಸರಣಿಯ ಸಂಪ್ರದಾಯವೇ ಆಗಿಹೋಗಿತ್ತು. ಎಂಟನೆಯದು ಕೊನೆಯ ಭಾಗ. ಅದರಲ್ಲಿ ಮುಖ ತೋರಿಸುತ್ತೇವೆಂದು ಮಾಲೀಕ ದಿಲೀಪ್ ಊರಿಗೆಲ್ಲ ಸಾರಿಬಿಟ್ಟಿದ್ದ.

ಕವರುಗಳೆಲ್ಲ ರಿಚರ್ಡ್ ಬರೆದವು. ನಜರ್‌ಬಾದಿನ ಮನೆಯಲ್ಲೇ ಕೂತು ಬರೆದು ಕಳಿಸುವವನು. ಮೂರನೇ ಭಾಗದಿಂದ ಅವನ್ನು ನೋಡಿ, ತಿದ್ದಿಸಿ, ಒಪ್ಪುವ ಕೆಲಸ ಭವ್ಯಶ್ರೀಯದು. ಪ್ರತಿ ಸೋಮವಾರ ಅವನು ಆಫೀಸಿಗೆ ಬಂದು ಅವಳ ಪಕ್ಕದ ಕುರ್ಚಿಯಲ್ಲಿ ಕೂರುತ್ತಿದ್ದ.

“ಈ ನೀಲಿ ಜಾಸ್ತಿ ಆಯ್ತು ರಿಚರ್ಡ್.”

“ನಿಮ್ಮ ದುಪಟ್ಟಾಗಿಂತ ಕಮ್ಮಿನೇ ಬುಡಿ.”

ಅವಳು ತಿರುಗಿ ನೋಡುವಷ್ಟರಲ್ಲಿ ಅವನ ಕಣ್ಣು ಮಾನಿಟರಿಗೆ ವಾಪಸಾಗಿರುತ್ತಿತ್ತು. ಎಂಟು ವರ್ಷ ಇಷ್ಟೇ. ಇದಕ್ಕಿಂತ ಒಂದು ಮಾತು ಮುಂದೆ ಹೋದವನಲ್ಲ ಮಹಾನುಭಾವ.

ಹೋದ ಸೋಮವಾರ ಅವಳೇ ಒಂದು ಕಲ್ಲು ಹೊಡೆದು ನೋಡಿದ್ದಳು. “ನಿನ್ನೆ ನನ್ನ ನೋಡೋಕೆ ಬಂದಿದ್ರು, ರಾಮಕೃಷ್ಣನಗರದವರು. ಹುಡುಗ ಚೆನ್ನಾಗಿದ್ದಾರೆ.” ರಿಚರ್ಡ್ ಮಾನಿಟರಿನಿಂದ ಕಣ್ಣು ತೆಗೆಯದೆ “ಒಳ್ಳೇದಾಯ್ತು” ಅಂದ. ಅಷ್ಟೇ! ಆ ದಿನ ಅವಳು ಊಟದ ಡಬ್ಬಿ ಬಿಚ್ಚಲೇ ಇಲ್ಲ.

ಆ ಮನೆಯವರಿಗೆ ಇವತ್ತು ಉತ್ತರ ಕೊಡಬೇಕಿತ್ತು. ಬನ್ನೂರಿನಿಂದ ಅಮ್ಮ ಮಂಗಳಮ್ಮ ಸಂಜೆ ಆರಕ್ಕೆ ಫೋನ್ ಮಾಡುವವಳಿದ್ದಳು. ಅದೇ ಆರಕ್ಕೆ ಎಂಟನೇ ಕವರ್ ಪ್ರೆಸ್ಸಿಗೆ ಹೋಗಬೇಕಿತ್ತು. ಈಗ ನಾಲ್ಕು.

ಕೊನೆಯ ಭಾಗವೆಂದು ಎಂಟೂ ಕವರುಗಳನ್ನು ಸೇರಿಸಿ ಒಂದು ಪೆಟ್ಟಿಗೆ ಮಾಡುವುದಿತ್ತು. ಅದಕ್ಕಾಗಿ ಹಳೆಯ ಚಿತ್ರಗಳ ಮೂಲ ಫೈಲು ಕಳಿಸಲು ಭವ್ಯಶ್ರೀ ಹೇಳಿದ್ದಳು. ಕಂಪ್ಯೂಟರಿನಲ್ಲಿ ಚಿತ್ರ ಬರೆಯುವವರು ಆಕಾಶ ಒಂದು ಲೇಯರ್, ಕೋಟೆ ಒಂದು ಲೇಯರ್, ಬಟ್ಟೆ ಒಂದು ಲೇಯರ್ ಎಂದು ಒಂದರ ಮೇಲೊಂದು ಬರೆಯುತ್ತಾರೆ. ರಿಚರ್ಡ್ ಎಲ್ಲವನ್ನೂ ಒಂದಾಗಿ ಸೇರಿಸಿಯೇ ಕಳಿಸುವವನು. ಈ ಸಲ ಅವಸರದಲ್ಲಿ ಬಿಡಿಬಿಡಿಯಾಗಿಯೇ ಕಳಿಸಿಬಿಟ್ಟಿದ್ದ.

ಮೂರನೇ ಭಾಗದ ಕಂಬಳಿಯ ಬಣ್ಣ ಸ್ವಲ್ಪ ತಿಳಿಯಾಗಿಸಲು ಹೋಗಿ ಅವಳು ಆ ಲೇಯರನ್ನೇ ಮರೆಮಾಡಿದಳು. ಮುಸುಕು ಹೋಯಿತು. ಕೆಳಗೆ ಒಂದು ಮುಖವಿತ್ತು.

ಅವಳದೇ ಮುಖ.

ಭವ್ಯಶ್ರೀಯ ಕೈ ಮೌಸಿನ ಮೇಲೆ ಹಾಗೇ ನಿಂತಿತು. ಎಡಹುಬ್ಬಿನ ತುದಿಯಲ್ಲಿ ಚಿಕ್ಕಂದಿನಲ್ಲಿ ಒಲೆಯ ಕಿಡಿ ಸಿಡಿದ ಗುರುತು, ಅವಳು ಕೂದಲು ಎಳೆದು ಮುಚ್ಚಿಕೊಳ್ಳುವ ಗುರುತು, ಅದೂ ಇತ್ತು. ನಾಲ್ಕನೇ ಭಾಗದ ಗುರಾಣಿ ಸರಿಸಿದಳು. ಟೈಫಾಯ್ಡ್ ಬಂದು ಕೂದಲು ಕತ್ತರಿಸಿಕೊಂಡಿದ್ದ ವರ್ಷದ ಭವ್ಯಶ್ರೀ. ಆರನೆಯದರಲ್ಲಿ ಕಣ್ಣು ಊದಿಕೊಂಡಿತ್ತು. ಅದು ಅಪ್ಪ ತೀರಿಕೊಂಡ ತಿಂಗಳು. ಆಫೀಸಿನಲ್ಲಿ ಯಾರಿಗೂ ಗೊತ್ತಾಗದ ಹಾಗೆ ಬಾತ್‌ರೂಮಿನಲ್ಲಿ ಅತ್ತು ಬರುತ್ತಿದ್ದಳು. ಒಬ್ಬನಿಗೆ ಗೊತ್ತಾಗಿತ್ತು.

ಎಂಟನೆಯದಕ್ಕೆ ಬಂದರೆ ಗುರುತೇ ಇಲ್ಲದ ಹೆಣ್ಣು. ನುಣ್ಣನೆ ಕೆನ್ನೆ, ಅಂಗಡಿ ಗೊಂಬೆಯ ಕಣ್ಣು. ಫೈಲನ್ನು ಕೊನೆಯ ಸಲ ತಿದ್ದಿದ ತಾರೀಖು ನೋಡಿದಳು. ಹೋದ ಮಂಗಳವಾರ.

“ಪ್ರೀತಿ, ದಿಲೀಪ್ ಸರ್ ಕೇಳಿದ್ರೆ ಕವರ್ ತಿದ್ದಿಸೋಕೆ ಹೋಗಿದ್ದೀನಿ ಅನ್ನು” ಎಂದು ಪಕ್ಕದವಳಿಗೆ ಹೇಳಿ ಲ್ಯಾಪ್‌ಟಾಪ್ ಎತ್ತಿಕೊಂಡಳು. ಆಟೋ ನಜರ್‌ಬಾದ್ ಸೇರುವವರೆಗೂ ಅವಳಿಗೆ ಅಳು ಬರುತ್ತಿದೆಯೋ ಸಿಟ್ಟು ಬರುತ್ತಿದೆಯೋ ತಿಳಿಯಲಿಲ್ಲ. ಎರಡೂ ಬರುತ್ತಿದ್ದವು.

ಬಾಗಿಲು ತೆಗೆದದ್ದು ರಿಚರ್ಡ್‌ನ ತಾಯಿ ಲೂರ್ದಮ್ಮ. “ಬಾಮ್ಮ, ಏನು ಇಷ್ಟು ಬಿಸಿಲಲ್ಲಿ?” ಎಂದು ನೀರು ಕೊಟ್ಟು, ಮಗನ ಕೋಣೆ ತೋರಿಸಿ ಒಳಗೆ ಹೋದರು.

ಭವ್ಯಶ್ರೀ ಲ್ಯಾಪ್‌ಟಾಪನ್ನು ಅವನ ಮೇಜಿನ ಮೇಲಿಟ್ಟು ತೆರೆದಳು. ಮುಸುಕಿಲ್ಲದ ಮೂರನೇ ಕವರ್.

“ಇದು ಯಾರು?”

ರಿಚರ್ಡ್‌ನ ಮುಖ ಬಿಳಿಚಿಕೊಂಡಿತು. “ಅಯ್ಯೋ ದೇವ್ರೇ. ಲೇಯರ್ ಸೇರಿಸ್ದೇ ಕಳಿಸ್ಬುಟ್ನಾ?”

“ಕೇಳಿದ್ದಕ್ಕೆ ಉತ್ತರ ಕೊಡಿ.”

“ಒಳಗೆ ನಿಜವಾಗ್ಲೂ ಒಬ್ರು ಇದ್ರೆ ಮುಸುಕು ಸರಿಯಾಗಿ ಕೂರುತ್ತೆ ಕಣ್ರೀ. ಅದಕ್ಕೆ ಮೊದಲು ಮುಖ ಬರ್ಕೋತೀನಿ, ಆಮೇಲೆ ಮುಚ್ತೀನಿ. ನಾನು ಕೆಲಸ ಮಾಡೋದೇ ಹಂಗೆ.”

“ನಂದೇ ಯಾಕೆ?”

ಅವನು ಚಿತ್ರ ಬರೆಯುವ ಪೆನ್ನನ್ನು ಬೆರಳಲ್ಲಿ ತಿರುಗಿಸುತ್ತ ಕೂತ. “ಕೇಳ್ದೇ ಬರೆದಿದ್ದು ತಪ್ಪಾಯ್ತು. ಎಲ್ಲಾ ಅಳಿಸ್ಬುಡ್ತೀನಿ.”

“ಎಂಟನೇದರಲ್ಲಿ ಆಗ್ಲೇ ಅಳಿಸಿದ್ದೀರಲ್ಲ! ಮಂಗಳವಾರ.” ಅವಳು ಎಂಟನೇ ಕವರ್ ತೆರೆದು ತೋರಿಸಿದಳು. “ಸೋಮವಾರ ‘ಒಳ್ಳೇದಾಯ್ತು’ ಅಂದ್ರಿ. ಮಾರನೇ ದಿನ ನನ್ನ ಕಿತ್ತು ಬಿಸಾಕಿ ಈ ಗೊಂಬೇನ ತಂದು ಕೂರಿಸಿದ್ರಿ.”

“ಮುಚ್ಚಿದ್ದಾಗ ಅದು ನನ್ನೊಬ್ಬನ ವಿಷ್ಯ. ಈ ಸಲ ಊರಿಗೆಲ್ಲ ಕಾಣುತ್ತೆ. ಬೇರೆಯವರ ಮನೆಗೆ ಹೋಗೋರ ಮುಖಾನ ಯಾವ ಹಕ್ಕಿಂದ ಹಾಕ್ಲಿ ಹೇಳಿ?” ಅವನು ತನ್ನ ಕಂಪ್ಯೂಟರಿನ ಕಡೆ ತಿರುಗಿದ. “ಬೇಕಂದ್ರೆ ನಿಮ್ಮ ಮುಖಾನ ಈಗ್ಲೇ ವಾಪಸ್ ತರ್ತೀನಿ. ಹತ್ತು ನಿಮಿಷ.”

“ಬೇಡ.” ಭವ್ಯಶ್ರೀ ಅವನ ಮಣಿಕಟ್ಟು ಹಿಡಿದಳು. ಎಂಟು ವರ್ಷದಲ್ಲಿ ಮೊದಲ ಸಲ. “ಕವರ್ ಮೇಲೆ ಬರ್ಬೇಕು ಅಂತ ನಾನು ಇಲ್ಲಿಗೆ ಬರ್ಲಿಲ್ಲ.”

ಹಿಡಿದದ್ದು ಇಬ್ಬರಿಗೂ ಒಟ್ಟಿಗೇ ತಿಳಿಯಿತು. ಬಿಟ್ಟಳು. ಗೋಡೆಯ ಗಡಿಯಾರದಲ್ಲಿ ಐದೂ ಕಾಲು.

“ಆದ್ರೆ ಇವಳನ್ನ ಹಿಂಗೇ ಕಳಿಸೋಕಾಗಲ್ಲ” ಎಂದಳು ಕುರ್ಚಿ ಎಳೆದುಕೊಂಡು. “ಹನ್ನೊಂದು ವರ್ಷ ಕೋಟೆ ಕಾದೋಳು ರಿಚರ್ಡ್. ಬಿಸಿಲು ಎಲ್ಲಿ? ನಿದ್ದೆಗೆಟ್ಟ ಕಣ್ಣೆಲ್ಲಿ?”

ಅವನು ಬರೆಯತೊಡಗಿದ. ಕೆನ್ನೆಯ ಮೇಲೆ ಬಿಸಿಲಿನ ಕಂದು ಬಂತು, ತುಟಿ ಒಡೆಯಿತು, ಕಣ್ಣ ಕೆಳಗೆ ದಣಿವು ಇಳಿಯಿತು. ಗೊಂಬೆ ಹೋಗಿ ಹೆಣ್ಣೊಬ್ಬಳು ಬಂದಳು. ಭವ್ಯಶ್ರೀಯೂ ಅಲ್ಲ, ಯಾರೂ ಅಲ್ಲ, ಅವಳೇ ಒಬ್ಬಳು. ಚಿತ್ರ ಸರಿಯಾಗುತ್ತಿದ್ದ ಹಾಗೆಲ್ಲ ಭವ್ಯಶ್ರೀಯ ಎದೆ ಭಾರವಾಯಿತು. ಇದೊಂದು ಮುಗಿದರೆ ಇಲ್ಲಿ ಕೂರಲು ಅವಳಿಗೆ ಬೇರೆ ನೆಪವಿರಲಿಲ್ಲ.

ಆರಕ್ಕೆ ಐದು ನಿಮಿಷವಿರುವಾಗ ಫೋನ್ ಹೊಡೆದುಕೊಂಡಿತು.

“ತಗೊಳ್ಳಿ” ಅಂದ ಅವನು, ತಲೆಯೆತ್ತದೆ.

“ಅಮ್ಮ. ರಾಮಕೃಷ್ಣನಗರದವರಿಗೆ ಏನು ಹೇಳ್ಬೇಕು ಅಂತ ಕೇಳೋಕೆ.”

ಪೆನ್ನು ನಿಂತಿತು. ರಿಂಗ್ ಆಗಿ ಆಗಿ ನಿಂತು, ಮತ್ತೆ ಶುರುವಾಯಿತು.

“ನೀವೇನು ಹೇಳ್ತೀರಿ?”

“ನನ್ನ ತಡೆಯೋರು ಯಾರೂ ಇಲ್ಲಾಂದ್ರೆ ಹೂಂ ಅಂತೀನಿ.”

ರಿಚರ್ಡ್ ಎದ್ದು ನಿಂತ, ಕೂತ, ಮತ್ತೆ ಎದ್ದ. “ಹೂಂ ಅನ್ಬೇಡಿ.”

“ಯಾಕೆ?”

“ನಂಗೆ ನೀವಂದ್ರೆ ಇಷ್ಟ ಭವ್ಯಾ. ಎಂಟು ವರ್ಷದಿಂದ. ನಮ್ಮ ಚರ್ಚು, ನಿಮ್ಮ ಮನೆಯವರು, ಏನೇನೋ ಯೋಚ್ನೆ ಮಾಡ್ದೆ. ಅದೆಲ್ಲ ನೆಪ. ನೀವು ಇಲ್ಲ ಅಂದ್ಬುಟ್ರೆ ಸೋಮವಾರ ಪಕ್ಕದಲ್ಲಿ ಹೆಂಗೆ ಕೂರ್ಲಿ ಅನ್ನೋದೇ ನಿಜವಾದ ಭಯ.” ಉಸಿರು ಎಳೆದುಕೊಂಡ. “ನನ್ನನ್ನ ಮದುವೆ ಆಗ್ತೀರಾ?”

ಅವಳು ಅವನನ್ನು ನೋಡಿದಳು. ಈ ಸಲ ಅವನ ಕಣ್ಣು ಎಲ್ಲಿಗೂ ಓಡಲಿಲ್ಲ. ಭವ್ಯಶ್ರೀ ಹೂಂ ಎಂದು ತಲೆಯಾಡಿಸಿ, ಒದ್ದೆ ಕಣ್ಣಲ್ಲೇ ಫೋನೆತ್ತಿದಳು.

“ಅಮ್ಮಾ, ಅವರಿಗೆ ಬೇಡ ಅಂತ ಹೇಳ್ಬುಡು. ಸಿಟ್ಟಾಗ್ಬೇಡ, ಪೂರ್ತಿ ಕೇಳು. ಭಾನುವಾರ ಇನ್ನೊಬ್ರು ಬರ್ತಾರೆ. ನಮ್ಮ ಜನ ಅಲ್ಲಮ್ಮ. ಹೆಸರು ರಿಚರ್ಡ್. ನೀನು ಬೈಯೋದಿದ್ರೆ ಬೈಯಿ, ನಾನು ಮಾತ್ರ ಬೇರೆ ಯಾರಿಗೂ ಹೂಂ ಅನ್ನಲ್ಲ.” ಆ ಕಡೆ ಅಮ್ಮ ಹೆಸರನ್ನು ಎರಡು ಸಲ ಹೇಳಿಸಿಕೊಂಡಳು. ಆಮೇಲೆ ಏನೋ ಕೇಳಿದಳು. ಭವ್ಯಶ್ರೀ ಫೋನಿಗೆ ಕೈ ಅಡ್ಡ ಹಿಡಿದು ರಿಚರ್ಡ್ ಕಡೆ ತಿರುಗಿದಳು. “ಒಬ್ರೇ ಬರ್ತಾರಾ, ಮನೆಯವರೂ ಬರ್ತಾರಾ ಅಂತ ಕೇಳ್ತಿದ್ದಾಳೆ.”

ಮುಗಿದ ಚಿತ್ರವನ್ನು ಪ್ರೆಸ್ಸಿಗೆ ಕಳಿಸುತ್ತಿದ್ದ ರಿಚರ್ಡ್ ಬಾಯಿ ತೆರೆಯುವ ಮೊದಲೇ ಬಾಗಿಲ ಆ ಕಡೆಯಿಂದ ಲೂರ್ದಮ್ಮನ ದನಿ ಬಂತು.

“ಚರ್ಚಲ್ಲಿ ಪೂಜೆ ಮುಗಿಯೋದು ಒಂಬತ್ತಕ್ಕೆ ಕಣಮ್ಮ. ಹನ್ನೊಂದಕ್ಕೆಲ್ಲ ಬಂದ್ಬುಡ್ತೀವಿ ಅಂತ ಹೇಳು.”