ಪರದೆ ಕೇಳಿದ ಮುಖ

"ಮೂಲೇಲಿರೋ ಆ ಮಾನಿಟರ್ ಮಾತ್ರ ಮುಟ್ಬೇಡಪ್ಪಾ. ಕೆಲಸ ನಿಧಾನ ಆದ್ರೂ ಆಗ್ಲಿ, ಅದಕ್ಕೆ ವೈರ್ ಚುಚ್ಬೇಡ."

ಸ್ಟುಡಿಯೊದ ಕೌಂಟರಿನಲ್ಲಿ ಕೂರುವ ಅಕ್ಕ ಇಷ್ಟು ಹೇಳುವಷ್ಟರಲ್ಲಿ ಬೆವೆತುಹೋಗಿದ್ದರು. ಮದುವೆ ಆಲ್ಬಂ ಮಾಡಲು ಹೊಸದಾಗಿ ಸೇರಿದ್ದ ಡಿಸೈನರ್ ಹಲ್ಲು ಕಿರಿದ. "ಯಾಕಕ್ಕಾ, ಕಚ್ಚುತ್ತಾ?"

ಅಕ್ಕ ನಗಲಿಲ್ಲ. ಯಾವುದೋ ಮನೆಯವರು ಹಿರಿಯ ಸೊಸೆಯನ್ನು ಹೊರಗೆ ಹಾಕಿ, ಅವಳ ಮದುವೆಯ ಆಲ್ಬಮನ್ನೇ ಇಲ್ಲಿಗೆ ತಂದಿದ್ದರಂತೆ. ಪ್ರತಿ ಪುಟದಲ್ಲೂ ಅವಳ ಮುಖ ಅಳಿಸಿ, ಮಗನ ಎರಡನೆಯ ಹೆಂಡತಿಯ ಮುಖ ಅಂಟಿಸಬೇಕು. ಹಿಂದೆ ಇದ್ದ ಡಿಸೈನರ್ ಆ ಮಾನಿಟರಿನಲ್ಲೇ ಆ ಪುಣ್ಯಕಾರ್ಯ ಮಾಡಿ ಮುಗಿಸಿದ್ದ. ಹೇಗೋ ಸುದ್ದಿ ತಿಳಿದು ಹಿರಿಯ ಸೊಸೆ ಬಂದಳು. ತನ್ನದೇ ಮೈಮೇಲೆ ಇನ್ನೊಬ್ಬಳ ತಲೆ ನಗುವುದನ್ನು ನೋಡಿದಳು. ತನ್ನ ಕೂದಲನ್ನು ಬುಡಸಮೇತ ಕಿತ್ತು, ಕಪ್ಪು ದಾರ ಸೇರಿಸಿ ಗಂಟು ಹಾಕಿ ಮಾನಿಟರಿನ ಕತ್ತಿಗೆ ಬಿಗಿದಳು.

"ನನ್ನ ಮುಖ ತಿಂದ ಪರದೆ ಇನ್ನೊಂದು ಮುಖ ತಿನ್ನೋವರೆಗೂ ತಣ್ಣಗಾಗ್ದೇ ಇರ್ಲಿ ಅಂದ್ಲು. ನಾನೇ ಕಿವಿಯಾರೆ ಕೇಳಿದೀನಿ."

"ಅಯ್ಯೋ ಬಿಡಕ್ಕಾ," ಎಂದ ಆತ. "ನನ್ನ ಹೊಸ ಲ್ಯಾಪ್‌ಟಾಪ್‌ಗಿಂತ ದೊಡ್ಡ ಮಾಟ ಈ ಪ್ರಪಂಚದಲ್ಲಿಲ್ಲ."

ಆ ಮಾತಿನಲ್ಲಿ ಸುಳ್ಳಿರಲಿಲ್ಲ. ಆಸೆಪಟ್ಟು ಕೊಂಡ ಲ್ಯಾಪ್‌ಟಾಪ್ ಅದು. ಮೇಲಿನ ಪ್ಲಾಸ್ಟಿಕ್ಕಿನ ವಾಸನೆ ಕೂಡ ಇನ್ನೂ ಹೋಗಿರಲಿಲ್ಲ. ನಾಲ್ಕು ದೊಡ್ಡ ಫೋಟೊ ತೆರೆದರೆ ಸಾಕು, ಫ್ಯಾನು ಹೋ ಎಂದು ಕೂಗಿ, ಪರದೆ ಗಕ್ಕನೆ ನಿಂತು, ಕಪ್ಪಾಗಿ, ತಾನಾಗಿಯೇ ಮತ್ತೆ ಶುರುವಾಗುತ್ತಿತ್ತು. ಅಷ್ಟು ಹೊತ್ತಿನ ಕೆಲಸವೆಲ್ಲ ನೀರಿನಲ್ಲಿ ಹೋಮ. ಅದು ಸಾಲದು ಎಂಬಂತೆ ಇನ್ನೊಂದು ತಕರಾರು: ಹೊರಗಿನ ಮಾನಿಟರು ಒಂದಕ್ಕಿಂತ ಹೆಚ್ಚು ಒಪ್ಪುವುದಿಲ್ಲ. ಆಲ್ಬಂ ಕೆಲಸಕ್ಕೆ ಪುಟಗಳು ಒಂದು ಮಾನಿಟರಿನಲ್ಲಿ, ಫೋಟೊಗಳು ಇನ್ನೊಂದರಲ್ಲಿ ಹರಡಿರಬೇಕು. ಮೇಜಿನ ಮೇಲೆ ಒಂದಿತ್ತು; ಇನ್ನೊಂದೆಂದರೆ ಮೂಲೆಯದ್ದೇ. ಅಂಗಡಿಯವನನ್ನು ತರಾಟೆಗೆ ತೆಗೆದುಕೊಂಡರೆ, "ಡಬ್ಬದ ಮೇಲೇ ಬರೆದಿದೆಯಲ್ಲಾ ಸಾರ್" ಎಂದು ಕೈತೊಳೆದುಕೊಂಡ. ಆತನಿಗೆ ಮೈಯೆಲ್ಲ ಪರಚಿಕೊಳ್ಳುವ ಹಾಗಾಯಿತು.

ಹಾಗಾಗಿ ಅಕ್ಕನ ಮಾತು ಕಿವಿಗೆ ಹೋಗಲಿಲ್ಲ. ಮೂಲೆಯ ಮಾನಿಟರಿನ ಬಟ್ಟೆ ಸರಿಸಿ, ಕೂದಲ ಗಂಟನ್ನು ಕತ್ತರಿಯಿಂದ ಕಚಕ್ಕೆಂದು ಕತ್ತರಿಸಿ, ವೈರ್ ಚುಚ್ಚಿದ. ಸುಟ್ಟ ಕೂದಲಿನ ಕಮಟು ವಾಸನೆ ಗುಪ್ಪೆಂದು ಮೂಗಿಗೆ ಹೊಡೆಯಿತು. ಪರದೆಯ ಬಣ್ಣ ತಪ್ಪಾಗಿ ಕಾಣಬಾರದೆಂದು ಕಿಟಕಿಯೇ ಇಡದೆ, ಗೋಡೆಗೆ ಬೂದು ಬಣ್ಣ ಬಳಿದ ಕೋಣೆ. ವಾಸನೆ ಹೋಗುವುದಾದರೂ ಎಲ್ಲಿಗೆ?

ಈ ಕಸುಬಿನವರಿಗೊಂದು ಅಭ್ಯಾಸವಿದೆ. ಎರಡು ಪರದೆಗಳ ಬಣ್ಣ ಹೊಂದಿಸುವಾಗ, ತಾವು ದಿನಾ ನೋಡುವ ಮನೆಯವರ ಮುಖವನ್ನೇ ಎದುರಿಗಿಟ್ಟುಕೊಳ್ಳುತ್ತಾರೆ. ಕೆನ್ನೆಯ ಬಣ್ಣ ಒಂದಿಷ್ಟು ಹೆಚ್ಚುಕಮ್ಮಿಯಾದರೂ ಕಣ್ಣಿಗೆ ತಿಳಿಯುತ್ತದಲ್ಲ. ಆತ ತನ್ನ ಮಗಳು ಪುಟ್ಟಿಯ ಫೋಟೊವನ್ನು ಎರಡು ಮಾನಿಟರುಗಳಲ್ಲೂ ತೆರೆದ. ಲ್ಯಾಪ್‌ಟಾಪ್ ತಕ್ಷಣ ಸತ್ತಿತು. ಮತ್ತೆ ತೆರೆದ. ಮತ್ತೆ ಸತ್ತಿತು.

ಆ ವಾರವೆಲ್ಲ ಇದೇ ಗೋಳು. ಪ್ರತಿ ಸಲ ಶುರುವಾದಾಗಲೂ ಮೂಲೆಯ ಪರದೆಯಲ್ಲಿ ಪುಟ್ಟಿಯ ಏನೋ ಒಂದು ಕಾಣುತ್ತಿರಲಿಲ್ಲ. ಒಮ್ಮೆ ಕಿವಿ. ಒಮ್ಮೆ ಕಿರುಬೆರಳು. ಹಾಳು ವೈರು ಎಂದು ಬೈದು ಸುಮ್ಮನಾದ. ಮನೆಯಲ್ಲಿ ಹೆಂಡತಿ ಊಟಕ್ಕೆ ಎರಡೇ ತಟ್ಟೆ ಇಟ್ಟು, ಪುಟ್ಟಿ ಅತ್ತಾಗ, "ಅಯ್ಯೋ, ಮರ್ತೇ ಹೋಯ್ತಲ್ಲೇ!" ಎಂದು ನಕ್ಕಳು. ಅವನೂ ನಕ್ಕ, ಬುದ್ಧಿವಂತ.

ಕೊನೆಗೆ ರಿಪೇರಿಯವನೊಬ್ಬ ಬೆಂಕಿಪೊಟ್ಟಣದಷ್ಟಿದ್ದ ಒಂದು ಅಡಾಪ್ಟರ್ ಕೊಟ್ಟ. "ಇದನ್ನ ಹಾಕಿ, ಎರಡಲ್ಲ ಮೂರು ಮಾನಿಟರ್ ಓಡ್ಸಿ. ಸಾಫ್ಟ್‌ವೇರೂ ಸರಿ ಮಾಡಿದೀನಿ. ಇನ್ನು ಅದು ನಿಲ್ಲಲ್ಲ."

ಹೌದು, ನಿಲ್ಲಲಿಲ್ಲ.

ಹಾಡಹಗಲು. ಕೋಣೆಯ ಭಾರಿ ಬಾಗಿಲು ಮುಚ್ಚಿತ್ತು. ಎರಡು ಪರದೆಗಳೂ ಜಗ್ಗೆಂದು ಹೊತ್ತಿದವು. ಇಷ್ಟು ದಿನದ ಹೊಟ್ಟೆಯುರಿಯೆಲ್ಲ ಇಳಿದು ಆತ ಸಿಳ್ಳೆ ಹಾಕಿದ. ಆಗಲೇ ಮೂಲೆಯ ಪರದೆಯಲ್ಲಿ ಸಣ್ಣದೊಂದು ದುಂಡು ಗುರುತು ಎದ್ದಿತು. ಅವನಿಗೆ ಚೆನ್ನಾಗಿ ಗೊತ್ತಿದ್ದ ಗುರುತು. ಫೋಟೊದಲ್ಲಿ ಬೇಡದ್ದನ್ನು ಅಳಿಸುವ ರಬ್ಬರು.

ಅವನ ಕೈ ಮೌಸಿನ ಮೇಲಿರಲಿಲ್ಲ.

ಗುರುತು ಪುಟ್ಟಿಯ ಪಾದದ ಮೇಲೆ ಓಡಾಡಿತು. ಅವಸರವಿಲ್ಲ. ನುರಿತ ಕೈ. ಪಾದ ಹೋಯಿತು. ಮೊಣಕಾಲು ಹೋಯಿತು. ಕಮಟು ವಾಸನೆ ಗಂಟಲಿಗಿಳಿಯಿತು. ಮನೆಗೆ ಫೋನು ಹಚ್ಚಿದ.

"ಪುಟ್ಟಿ ಎಲ್ಲೇ? ಪುಟ್ಟಿ ಹುಷಾರಾಗಿದಾಳಾ?"

"ಯಾವ ಪುಟ್ಟಿ?" ಹೆಂಡತಿ ಆಕಳಿಸಿದಳು. "ಹಗಲಲ್ಲೇ ಕನಸು ಕಂಡ್ರಾ? ನಮಗೆಲ್ಲಿ ಮಕ್ಕಳು?"

ಅವಳ ಹಿಂದಿನಿಂದ ಸಣ್ಣ ದನಿ ಕೇಳಿತು. "ಅಮ್ಮಾ... ನಾನ್ ಇಲ್ಲೇ ಇದೀನಿ. ಅಮ್ಮಾ, ನೋಡು."

ಆತ ವೈರು ಕಿತ್ತ. ಪರದೆ ಆರಲಿಲ್ಲ. ಕರೆಂಟು ತೆಗೆದ. ಆರಲಿಲ್ಲ. ಲ್ಯಾಪ್‌ಟಾಪಿನ ಗುಂಡಿ ಒತ್ತಿ ಹಿಡಿದ. ಫ್ಯಾನು ಕೂಡ ಸದ್ದು ಮಾಡಲಿಲ್ಲ. ಆಗ ಹೊಳೆಯಿತು ಅವನಿಗೆ. ಈ ವಾರವೆಲ್ಲ ಲ್ಯಾಪ್‌ಟಾಪ್ ಸುಮ್ಮನೆ ಕೆಟ್ಟು ಕೂರುತ್ತಿರಲಿಲ್ಲ. ಅಡ್ಡ ನಿಲ್ಲುತ್ತಿತ್ತು. ಪ್ರತಿ ಸಲ ಸತ್ತು ಮಗುವನ್ನು ಉಳಿಸುತ್ತಿತ್ತು. ಅದರ ಬಾಯಿಗೆ ಬೀಗ ಹಾಕಿಸಿ ತಂದವನು ಇವನೇ.

"ನಿಲ್ಲೋ! ನಿನ್ನ ದಮ್ಮಯ್ಯ, ಒಂದೇ ಒಂದ್ಸಲ ನಿಲ್ಲು!"

ನಿಲ್ಲಲಿಲ್ಲ. ಬಾಗಿಲಿಗೆ ಓಡಿದ. ಹಿಡಿ ತಿರುಗಲಿಲ್ಲ. ಭುಜ ಕೊಟ್ಟು ಗುದ್ದಿದ. ಅಲುಗಲಿಲ್ಲ. ಆಚೆ ಅಕ್ಕ ಅಳುತ್ತಿದ್ದರು.

"ಅಕ್ಕಾ, ಬಾಗಿಲು ತೆಗೀರಿ!"

"ಬರ್ತಿಲ್ಲಪ್ಪಾ! ಅದಕ್ಕೆ ಮುಖ ಬೇಕು. ಒಂದು ಮುಖ ಸಿಗೋವರೆಗೂ ಬಿಡಲ್ಲ!"

ಆತ ತಿರುಗಿದ. ಪುಟ್ಟಿಯ ಕುತ್ತಿಗೆಯವರೆಗೂ ಬಿಳಿ. ಇನ್ನೊಂದು ಪರದೆಯಲ್ಲಿ ಯಾರದೋ ಮದುವೆಯ ಮುಖಗಳು ರಾಶಿ ಬಿದ್ದಿದ್ದವು. ಮೌಸು ಹಿಡಿದ. ಅದು ಅವನ ಮಾತು ಕೇಳಿತು. ಒಬ್ಬ ಮುದುಕನ ಮುಖ ಸಿಕ್ಕಿತು. ಹೇಗೂ ವಯಸ್ಸಾಗಿದೆ. ಯಾರಿಗೆ ಗೊತ್ತಾಗುತ್ತೆ? ಎಳೆದ. ಮೂಲೆಯ ಪರದೆಯತ್ತ ಅರ್ಧ ದಾರಿ ಎಳೆದ. ಮುದುಕನ ತೊಡೆಯ ಮೇಲೊಂದು ಮಗು ಕೂತಿತ್ತು, ಅವನ ಕಿವಿ ಹಿಡಿದುಕೊಂಡು.

ಫೋನಿನಲ್ಲಿ ದನಿ ಇನ್ನೂ ಬರುತ್ತಿತ್ತು, ಬಾವಿಯೊಳಗಿಂದ ಬಂದಂತೆ. "ಅಪ್ಪಾ... ಅಮ್ಮ ಮಾತಾಡ್ತಿಲ್ಲ ಅಪ್ಪಾ."

ಮುದುಕನನ್ನು ಬಿಟ್ಟ. ಲ್ಯಾಪ್‌ಟಾಪಿನ ಕ್ಯಾಮೆರಾ ತೆರೆದ. ಬೆವರು, ಕಣ್ಣೀರು, ಸಿಂಬಳ. ಇದ್ದ ಹಾಗೇ ತನ್ನ ಮುಖದ ಫೋಟೊ ಹಿಡಿದ. ಪುಟ್ಟಿಯ ಗಲ್ಲ ಹೋಗಿತ್ತು. ಎಳೆದ. ತುಟಿ ಹೋಯಿತು. ಎಳೆದು ಬಿಟ್ಟ.

ಗುರುತು ಗಕ್ಕನೆ ನಿಂತಿತು. ಮೂಸಿ ನೋಡುವಂತೆ ಒಮ್ಮೆ ಸುತ್ತಿತು. ಆಮೇಲೆ ಅವನ ಹಣೆಯಿಂದ ಕೆಳಕ್ಕೆ, ಒಂದೇ ಬೀಸಿನಲ್ಲಿ, ಒರೆಸಿಬಿಟ್ಟಿತು. ಪರದೆ ಕಪ್ಪಾಯಿತು.

ಬಾಗಿಲು ತಾನಾಗಿಯೇ ತೆರೆದುಕೊಂಡಿತು. ಹೊಸ್ತಿಲಲ್ಲಿ ಅಕ್ಕ ನಿಂತಿದ್ದರು. ಕೆನ್ನೆ ಇನ್ನೂ ಒದ್ದೆಯಾಗಿತ್ತು, ಯಾಕೆ ಅತ್ತೆನೆಂದು ಅವರಿಗೇ ತಿಳಿದಂತಿರಲಿಲ್ಲ. ಅವನನ್ನು ಕಂಡು ಹೌಹಾರಿದರು. "ಯಾರ್ರೀ ನೀವು? ಒಳಗೆ ಹೇಗ್ ಬಂದ್ರಿ?"

ಎದ್ದೆನೋ ಬಿದ್ದೆನೋ ಎಂದು ಮನೆಯವರೆಗೂ ಓಡಿದ. ಬಾಗಿಲು ಬಡಿದ.

ಹೆಂಡತಿ ಬಾಗಿಲು ಅರ್ಧ ತೆರೆದು ಅಡ್ಡ ನಿಂತಳು. ಅವಳ ಕಾಲಿಗೆ ಅಂಟಿಕೊಂಡು ಪುಟ್ಟಿ. ಎರಡು ಕಿವಿ, ಎರಡು ಪಾದ, ಬಾಯಿಯ ಸುತ್ತ ಬೆಲ್ಲದ ಅಂಟು. ಇಡೀ ಪುಟ್ಟಿ. ಸಂತೋಷ ತಡೆಯಲಾಗದೆ ಅವನಿಗೆ ಅಳು ಉಕ್ಕಿತು. ಕೈ ಚಾಚಿದ.

ಮಗು ಚಿಟ್ಟನೆ ಚೀರಿ ಅಮ್ಮನ ಹಿಂದೆ ಅಡಗಿತು. ಹೆಂಡತಿ ಅವಳನ್ನು ಹಿಂದಕ್ಕೆ ತಳ್ಳಿ, ಬಾಗಿಲನ್ನು ಇನ್ನಷ್ಟು ಮುಚ್ಚಿದಳು.

"ಯಾರ್ ಬೇಕಿತ್ತು ನಿಮಗೆ?"

ಹೇಳಬೇಕಾದ್ದೆಲ್ಲ ನಾಲಿಗೆಯ ತುದಿಯಲ್ಲಿತ್ತು. ಸಂದಿನಲ್ಲಿ ಮಗಳ ಒಂದು ಕಣ್ಣು ಕಾಣುತ್ತಿತ್ತು, ಹೆದರಿ ಅಗಲವಾಗಿದ್ದ ಕಣ್ಣು. ಆತ ಕೈ ಕೆಳಗಿಳಿಸಿದ.

"ಯಾರೂ ಇಲ್ಲಮ್ಮ," ಎಂದ. "ಮನೆ ತಪ್ಪಾಯ್ತು."

ಒಳಗಿನಿಂದ ಚಿಲಕ ಬಿತ್ತು.