ಜಾಲರಿ ನಿಲ್ಲಿಸುವುದೋ, ಮಲಗಿಸುವುದೋ?

"ನಾಳೆ ಬೆಳಿಗ್ಗೆ ಗುಡ್ಡ ಹತ್ತಿ ಒಂದು ಕನ್ನಡಿ ಹಿಡ್ಕೊಂಡು ನಿಂತ್ಕೊಳ್ತೀರಾ? ನಿಮ್ಮನ್ನ ಶಿರಸಿಯಿಂದ ನೋಡ್ಬೇಕಾಗಿತ್ತು."

ಗುರುತಿಲ್ಲ, ಪರಿಚಯವಿಲ್ಲ. ಫೋನ್ ಎತ್ತಿದ ಕೂಡಲೇ ಒಬ್ಬ ಗಂಡಸು ಹೀಗೆ ಕೇಳಿದರೆ ಯಾವ ಹುಡುಗಿ ತಾನೇ ಸುಮ್ಮನಿರುತ್ತಾಳೆ? ಅದರಲ್ಲೂ ಪರಿಮಳಾ ಸುಮ್ಮನಿರುವ ಪೈಕಿಯೇ ಅಲ್ಲ.

"ಕನ್ನಡಿ ನಿಮ್ಮನೇಲೂ ಇರ್ತದಲ್ಲ, ಮೊದ್ಲು ಅದ್ರಲ್ಲಿ ನಿಮ್ಮ ಮುಸುಡಿ ನೋಡ್ಕೊಳ್ಳಿ" ಎಂದವಳೇ ರಿಸೀವರ್ ಕುಕ್ಕಿದಳು.

ಫೋನ್ ಮತ್ತೆ ಬಡಿದುಕೊಂಡಿತು. ಈ ಸಲ ಎತ್ತಿದವರು ಸೊಸೈಟಿ ಅಧ್ಯಕ್ಷರಾದ ಶಾಂತಾರಾಮ ಹೆಗಡೆಯವರು. "ಹ್ಞಾಂ, ಹ್ಞಾಂ" ಅನ್ನುತ್ತ ಕೇಳಿಸಿಕೊಂಡು, ಕೊನೆಗೆ ಹೊಟ್ಟೆ ಕುಲುಕಿಸಿ ನಕ್ಕರು.

"ಅಲ್ದೇ ತಂಗಿ, ಅವ ಕಿಶೋರ! ನಮಗೆ ಇಂಟರ್‌ನೆಟ್ ಮಾಡಿಕೊಡ್ಲೆ ಬಪ್ಪವ. ಶಿರಸಿಗೂ ನಮಗೂ ನಡುವೆ ಗುಡ್ಡ ಅಡ್ಡ ಬತ್ತಾ ಹೇಳಿ ನೋಡವಡ. ಕನ್ನಡಿ ಬೆಳಕು ಕಂಡ್ರೆ ದಾರಿ ಸಾಪು ಹೇಳಿ ಲೆಕ್ಕ."

ಪರಿಮಳಾ ನಾಲಿಗೆ ಕಚ್ಚಿಕೊಂಡಳು. ಆ ಇಂಟರ್‌ನೆಟ್ ಬೇಕು ಅಂತ ವರ್ಷದಿಂದ ಅಧ್ಯಕ್ಷರ ತಲೆ ತಿಂದವಳೇ ಅವಳು.

ಉಮ್ಮಚಗಿಯ ಸಹಕಾರಿ ಸೊಸೈಟಿಯಲ್ಲಿ ಅವಳದೊಂದು ಕಂಪ್ಯೂಟರ್ ಕೋಣೆ. ಆಗಿನ್ನೂ ಎರಡು ಸಾವಿರದ ಏಳನೇ ಇಸವಿ. ಫೋನ್ ತಂತಿಯ ಇಂಟರ್‌ನೆಟ್ಟಿನಲ್ಲಿ ಒಂದು ಪುಟ ತೆರೆಯುವಷ್ಟರಲ್ಲಿ ಚಾ ಕುಡಿದು ಲೋಟ ತೊಳೆದಿಟ್ಟು ಬರಬಹುದಿತ್ತು. ಶಿರಸಿಯಲ್ಲಿ ಅಡಿಕೆ ಎಷ್ಟಕ್ಕೆ ಹೋಯಿತು ಅನ್ನುವುದು ಊರವರಿಗೆ ಮರುದಿನದ ಬಸ್ಸಿನಲ್ಲಿ ತಿಳಿಯುತ್ತಿತ್ತು. ಅದು ಆ ಗಳಿಗೆಯಲ್ಲೇ ತಿಳಿಯಬೇಕು ಅನ್ನುವುದು ಪರಿಮಳೆಯ ಹಟ.

ಮರುದಿನ ಬಚ್ಚಲುಮನೆಯ ಗೋಡೆಗನ್ನಡಿ ಕಿತ್ತುಕೊಂಡು ಗುಡ್ಡ ಹತ್ತಿದಳು. ಬಿಸಿಲಿಗೆ ಹಿಡಿದು ಅತ್ತಿತ್ತ ಓಲಾಡಿಸಿದಳು. ದಕ್ಷಿಣದ ನೀಲಿ ಗುಡ್ಡಗಳಾಚೆ ಮೊದಲು ಏನೂ ಇರಲಿಲ್ಲ. ಆಮೇಲೆ ಒಂದು ಚುಕ್ಕಿ ಮಿನುಗಿತು, ಆರಿತು, ಮತ್ತೆ ಮಿನುಗಿತು.

"ಅಯ್ಯಬ್ಬಾ!" ಎಂದು ಅವಳು ಒಬ್ಬಳೇ ಕುಣಿದಳು. ಅಷ್ಟು ದೂರದಲ್ಲಿ, ಮುಖ ಕಾಣದ ಯಾರೋ ಒಬ್ಬ ತನಗೆಂದೇ ಬೆಳಕು ಬಿಡುತ್ತಿದ್ದಾನೆ ಅನ್ನುವುದು ನೆನಪಾಗಿ, ಕುಣಿತ ನಿಲ್ಲಿಸಿ ತಲೆಗೂದಲು ಸರಿಮಾಡಿಕೊಂಡಳು. ಅವನಿಗೆ ಕಾಣುವುದಿಲ್ಲ ಅಂತ ಗೊತ್ತಿದ್ದೂ!

*

ಮುಖ ಕಂಡದ್ದು ಆ ವಾರದ ಕೊನೆಗೆ. ತೋರಿಸಲೆಂದು ಬೈಕಿನ ಹಿಂದೆ ದೊಡ್ಡದೊಂದು ಕಬ್ಬಿಣದ ಜಾಲರಿ ಆಂಟೆನಾ ಕಟ್ಟಿಕೊಂಡು ಕಿಶೋರ ಬಂದಿಳಿದ. ಸಿದ್ದಾಪುರ ಕಡೆಯವನು, ಶಿರಸಿಯಲ್ಲಿ ಕಂಪ್ಯೂಟರ್ ರಿಪೇರಿ ಅಂಗಡಿ ಇಟ್ಟವನು. ಮೈಯೆಲ್ಲ ರಸ್ತೆಯ ಕೆಂಪು ಧೂಳು. ಹುಬ್ಬು ಕೂಡ ಕೆಂಪು.

"ಮುಸುಡಿ ನೋಡ್ಕೊಂಡೇ ಬಂದಿದ್ದೇನೆ" ಅಂದ ಬಾಗಿಲಲ್ಲೇ.

"ಸಾಲಲಿಲ್ಲ. ಇನ್ನೊಂದು ಸಲ ನೋಡ್ಕೊಳ್ಳಿ" ಎಂದು ಪರಿಮಳಾ ನೀರಿನ ಚೆಂಬು ಮುಂದಿಟ್ಟಳು. ಅವನು ಮುಖ ತೊಳೆದು ತಲೆಯೆತ್ತಿದ. ಅಡ್ಡಿ ಇಲ್ಲ, ನೋಡುವ ಹಾಗೇ ಇದ್ದಾನೆ ಅಂದುಕೊಂಡಳು. ಆ ಅಂದುಕೊಂಡದ್ದು ಕಣ್ಣಿಗೆ ಬಂದುಬಿಟ್ಟಿತೇನೋ, ಅವನು ನಕ್ಕ. ಇವಳು ತಟ್ಟನೆ ಚೆಂಬು ಎತ್ತಿಕೊಂಡು ಒಳಗೆ ಹೋದಳು.

ಆಮೇಲಿನ ದಿನಗಳೆಲ್ಲ ಸಾಮಾನು ಆರಿಸುವುದರಲ್ಲೇ ಹೋದವು. ತಟ್ಟೆಯಂಥ ಆಂಟೆನಾ ಬೇಕೋ, ಜಾಲರಿಯದೋ? ತಟ್ಟೆಗೆ ಗಾಳಿ ಹೊಡೆದರೆ ಕಂಬವೇ ಬಾಗುತ್ತದೆ, ಜಾಲರಿಯಲ್ಲಿ ಗಾಳಿ ನುಸುಳಿ ಹೋಗುತ್ತದೆ ಅಂದ ಕಿಶೋರ. "ಮಂಗ ಜೋತುಬಿದ್ರೆ?" ಅಂದಳು ಪರಿಮಳಾ. ಅವನು ಗಂಭೀರವಾಗಿ ಯೋಚಿಸಿ, "ಮಂಗಕ್ಕೆ ನೀವೇ ಹೇಳ್ಬೇಕು. ನಿಮ್ಮ ಮಾತಿಗೆ ಹೆದರ್ತದೆ" ಅಂದ.

ರೂಟರ್ ವಿಷಯದಲ್ಲೂ ಹಾಗೇ. ದುಬಾರಿಯದು ಬೇಡ, ಮನೆಯೊಳಗೆ ಇಡುವ ಸಾದಾ ರೂಟರಿಗೇ ಬೇರೆ ಸಾಫ್ಟ್‌ವೇರ್ ಹಾಕಿ ಕಂಬದ ಮೇಲೆ ಕೂರಿಸೋಣ ಅಂತ ಅವನ ವಾದ. ಅದಕ್ಕೆ ನೀರು ತಾಗದ ಡಬ್ಬಿ ಬೇಕಲ್ಲ? ಪರಿಮಳೆಯ ಅಮ್ಮನ ಅಡುಗೆಮನೆಯಿಂದ ಒಂದು ಪ್ಲಾಸ್ಟಿಕ್ ಡಬ್ಬಿ ಬಂತು. ಎಷ್ಟು ತೊಳೆದರೂ ಅಪ್ಪೆಮಿಡಿ ಉಪ್ಪಿನಕಾಯಿಯ ಪರಿಮಳ ಹೋಗಲಿಲ್ಲ.

"ಇದಕ್ಕೆ ಒಂದು ಬುದ್ಧಿ ಹೇಳ್ಬೇಕು" ಎಂದು ಕಿಶೋರ ರೂಟರನ್ನು ಕಂಪ್ಯೂಟರಿಗೆ ಸಿಕ್ಕಿಸಿ ಅವಳನ್ನು ಹತ್ತಿರ ಕರೆದ. "ಇದು ಪಕ್ಕದ ಕೋಣೆಯಿಂದ ಉತ್ತರ ಬರ್ತದೆ ಅನ್ಕೊಂಡಿರ್ತದೆ. ತಡ ಆದ್ರೆ ಅವರಿಗೆ ಕೇಳಲಿಲ್ಲ ಅಂತ ಮತ್ತೆ ಅದನ್ನೇ ಕೂಗ್ತದೆ. ದೂರದವರು, ಸ್ವಲ್ಪ ಕಾಯಿ ಅಂತ ನಾವು ಹೇಳ್ಕೊಡ್ಬೇಕು."

"ಎಷ್ಟು ಕಾಯ್ಬೇಕು?"

"ಕಣ್ಣು ಮಿಟುಕಿಸೋದಕ್ಕಿಂತ ಕಮ್ಮಿ."

ಹೇಳಿದವನು ಕಣ್ಣು ಮಿಟುಕಿಸಬಾರದೇ? ಇವಳ ಮುಖದಲ್ಲೇ ಕಣ್ಣು ನೆಟ್ಟು ಕೂತಿದ್ದ. ಪರಿಮಳಾ ಎಷ್ಟು ಹೊತ್ತು ಅಂತ ತಾಳಿಕೊಂಡಾಳು! ಕೊನೆಗೆ ಕೀಬೋರ್ಡಿನ ಮೇಲಿಲ್ಲದ ಧೂಳನ್ನು ಒರೆಸತೊಡಗಿದಳು.

ಇದರ ನಡುವೆ ಒಂದು ದಿನ ಅವನು ಸುಮ್ಮನೆ ಹೇಳುವಂತೆ ಹೇಳಿದ. "ಹುಬ್ಬಳ್ಳಿಯ ಕೇಬಲ್ ಕಂಪನಿಯವರು ಕರೀತಾ ಇದ್ದಾರೆ. ಈ ಲಿಂಕ್ ಆದ್ರೆ ವಾನಳ್ಳಿಗೂ ಬೇಕು, ಸಿದ್ದಾಪುರಕ್ಕೂ ಬೇಕು ಅಂತ ಎಲ್ಲ ಸೊಸೈಟಿಗಳೂ ಕೇಳ್ತವೆ, ಆಗ ಇಲ್ಲೇ ಇರ್ತೇನೆ. ಆಗದಿದ್ರೆ ಅಂಗಡಿ ಮುಚ್ಚಿ ಹೊರಡೋದೇ."

ಅಧ್ಯಕ್ಷರು ಬೇರೆ, ಭಾನುವಾರ ಸಂಜೆ ಕಮಿಟಿಯವರ ಕಣ್ಣೆದುರು ಶಿರಸಿಯ ಅಡಿಕೆ ರೇಟು ಕಾಣಿಸದಿದ್ದರೆ ಕೋಣೆಯನ್ನು ಗೊಬ್ಬರದ ಚೀಲ ಇಡಲು ಕೊಡಬೇಕಾಗುತ್ತದೆ ಅಂದಿದ್ದರು. ಕೋಣೆ ಹೋದರೆ ಹೋಗಲಿ ಅಂತ ಅವಳ ಮನಸ್ಸು ಅಂದಿತು. ಇವನು ಹೋಗುವುದು ಮಾತ್ರ ಬೇಡವೇ ಬೇಡ. ಹಾಗಂತ ಬಾಯಿಬಿಟ್ಟು ಹೇಳುವುದುಂಟೇ? ಹೇಳಲಿಲ್ಲ. ಅದರ ಬದಲು ಜಗಳ ಆಡಿದಳು ನೋಡಿ!

*

ಜಗಳ ಬಂದದ್ದು ಜಾಲರಿಯನ್ನು ಹೇಗೆ ಕಟ್ಟುವುದು ಅನ್ನುವುದಕ್ಕೆ. ಅದರ ಕಂಬಿಗಳು ಉದ್ದಕ್ಕೆ ಬರುವ ಹಾಗೆ ನಿಲ್ಲಿಸಬಹುದು, ಅಡ್ಡಕ್ಕೆ ಬರುವ ಹಾಗೆ ಮಲಗಿಸಬಹುದು. ಎರಡು ತುದಿಯಲ್ಲೂ ಒಂದೇ ಥರ ಇರಬೇಕು, ಅಷ್ಟೇ. ಒಂದು ನಿಂತು ಒಂದು ಮಲಗಿದರೆ ಒಂದರ ಮಾತು ಇನ್ನೊಂದಕ್ಕೆ ಕೇಳುವುದೇ ಇಲ್ಲ.

"ಮಲಗಿಸುವ" ಅಂದಳು ಪರಿಮಳಾ. "ದಾರಿಯ ಗುಡ್ಡದ ನೆತ್ತಿಯಲ್ಲಿರೋ ಮರವೆಲ್ಲ ನಿಂತಿದೆ. ಅಲೆಯೂ ನಿಂತೇ ಹೋದ್ರೆ ಮರ ಅದನ್ನ ಜಾಸ್ತಿ ನುಂಗ್ತದೆ. ನಾನು ಓದಿದ್ದೇನೆ."

"ಶಿರಸಿಯಲ್ಲಿ ನನ್ನ ಅಂಗಡಿ ಕಟ್ಟಡದ ಮೇಲೆ ಬೇರೆಯವರ ಆಂಟೆನಾ ಆಗಲೇ ಮಲಗಿವೆ. ನಮ್ಮದೂ ಮಲಗಿದ್ರೆ ಅವುಗಳ ಗದ್ದಲವೆಲ್ಲ ನಮ್ಮ ಕಿವಿಗೆ. ನಿಲ್ಲಿಸ್ಬೇಕು."

ಇಬ್ಬರದೂ ಸರಿಯೇ. ಪೇಚು ಅದೇ ಅಲ್ಲವೇ! ಒಬ್ಬರದು ತಪ್ಪಿದ್ದರೆ ಜಗಳ ಬೇಗ ಮುಗಿಯುತ್ತಿತ್ತು. ಅವನು ಕಾಗದದ ಮೇಲೆ ಗೆರೆ ಎಳೆದ, ಇವಳು ಅದರ ಮೇಲೆ ಗೆರೆ ಎಳೆದಳು. ಕೊನೆಗೆ ಪರಿಮಳೆಗೆ ತಡೆಯಲಾಗಲಿಲ್ಲ.

"ನಿಂಗೆ ಎಷ್ಟು ಹೇಳಿದ್ರೂ ತಲೆಗೆ ಹೋಗ್ತಿಲ್ಲೆ ಕಾಣ್ತು!"

ಅಷ್ಟು ದಿನ ಇಬ್ಬರೂ ಪೇಟೆಯ ಕನ್ನಡದಲ್ಲಿ ನೀವು, ನಿಮ್ಮ ಅಂತ ಮರ್ಯಾದೆಯಿಂದಿದ್ದರು. ಇಬ್ಬರ ಮನೆಮಾತಾದ ಹವ್ಯಕ ಹೊರಬಿದ್ದದ್ದು ಈಗ. ಕಿಶೋರ ಒಂದು ಕ್ಷಣ ಬಿಟ್ಟ ಕಣ್ಣಿನಿಂದ ನೋಡಿದ.

"ತಲೆ ಇಬ್ರಿಗೂ ಇದ್ದು ಮಾರಾಯ್ತಿ. ನಿಂದು ಸ್ವಲ್ಪ ಗಟ್ಟಿ ಇದ್ದು, ಅಷ್ಟೇಯ."

"ಗಟ್ಟಿ ಇದ್ರೆ ಇದ್ಕಳ್ಳಿ. ನಿಂಗೆಂತ?"

"ನಂಗೆಂತ!" ಎಂದು ಅವನು ಹೆಲ್ಮೆಟ್ ಎತ್ತಿಕೊಂಡ. "ಭಾನುವಾರ ಬೆಳಿಗ್ಗೆ ಫೋನ್ ಮಾಡ್ತೆ. ಆವಾಗ ತೀರ್ಮಾನ ಮಾಡುವ."

ಬೈಕು ತಿರುವಿನಲ್ಲಿ ಮರೆಯಾದ ಮೇಲೂ ಪರಿಮಳಾ ಬಾಗಿಲಲ್ಲೇ ನಿಂತಿದ್ದಳು. ಸಿಟ್ಟು ಬರಬೇಕಿತ್ತು. ಬಂದದ್ದು ಮಾತ್ರ ಬೇರೆ. "ಮಾರಾಯ್ತಿ" ಅಂದನಲ್ಲ, ಅದೇ ಕಿವಿಯಲ್ಲಿ ಕೂತುಬಿಟ್ಟಿತ್ತು.

*

ಭಾನುವಾರ ಬೆಳಿಗ್ಗೆ ಫೋನ್ ಸತ್ತಿತ್ತು. ರಸ್ತೆ ಅಗೆಯುವವರು ಎಲ್ಲೋ ಕೇಬಲ್ ಕತ್ತರಿಸಿದ್ದರು. ಮೊಬೈಲು ಆ ಊರಿಗಿನ್ನೂ ಬಂದಿರಲಿಲ್ಲ. ಸೊಸೈಟಿ ಕಟ್ಟಡದ ಬೆನ್ನಿಗೇ ಇದ್ದ ಗುಡ್ಡದ ಮೇಲೆ ಕಂಬ ನಿಂತಿತ್ತು, ತುದಿಯಲ್ಲಿ ಅಡಿಕೆ ಮರ ಹತ್ತಿ ಕೊನೆ ಇಳಿಸುವ ಕೊನೆಗಾರ ತಿಮ್ಮ ಹಗ್ಗ ಹಿಡಿದು ಕೂತಿದ್ದ.

"ಅಮ್ಮಾ, ಹ್ಯಾಂಗೆ ಕಟ್ಟೂದು? ನಿಲ್ಸೂದಾ, ಮಲಗ್ಸೂದಾ?"

ಮಲಗಿಸು ಅನ್ನಲು ಬಾಯಿ ತೆರೆದಳು. ಹೆಲ್ಮೆಟ್ ಎತ್ತಿಕೊಂಡಾಗಿನ ಅವನ ಸಣ್ಣಗಾದ ಮುಖ ಕಣ್ಣ ಮುಂದೆ ಬಂತು. ಪಾಪ, ಅಷ್ಟು ದೂರದಿಂದ ಧೂಳು ಕುಡಿದು ಬರುವವನು. ತನ್ನದೊಂದು ಹಟ ಬಿಟ್ಟರೆ ಗಂಟೇನು ಹೋಗುತ್ತದೆ?

"ನಿಲ್ಸು" ಅಂದಳು. ಹೇಳಿದ ಮೇಲೆ ಮೈಯೆಲ್ಲ ಹಗುರವಾಯಿತು.

ಓಡಿಬಂದು ಕಂಪ್ಯೂಟರ್ ಮುಂದೆ ಕೂತಳು. ಸಿಗ್ನಲ್ ಇಲ್ಲ. ಜಾಲರಿಯನ್ನು ಒಂದಿಷ್ಟು ಎಡಕ್ಕೆ, ಒಂದಿಷ್ಟು ಬಲಕ್ಕೆ, ಮೇಲಕ್ಕೆ, ಕೆಳಕ್ಕೆ ತಿರುಗಿಸಿ ತಿಮ್ಮನ ಕೈ ಸೋತಿತು. ಏನೂ ಇಲ್ಲ. ಮಧ್ಯಾಹ್ನವಾಯಿತು. ಹುಬ್ಬಳ್ಳಿಯ ಬಸ್ಸು ಹತ್ತುತ್ತಿರುವ ಕಿಶೋರನೇ ಕಣ್ಣಿಗೆ ಕಟ್ಟುತ್ತಿದ್ದ.

ಕಮಿಟಿಯವರು ಒಬ್ಬೊಬ್ಬರೇ ಬಂದು ಎಲೆಯಡಿಕೆಯ ಕವಳದ ತಟ್ಟೆಯ ಸುತ್ತ ಕೂರುವ ಹೊತ್ತಿಗೆ ಫೋನಿಗೆ ಜೀವ ಬಂದು ಕಿರುಚಿಕೊಂಡಿತು.

"ಎಂತ ಮಾಡಿದ್ದೆ ನೀನು?" ಕಿಶೋರನ ದನಿ.

"ನನ್ನ ಬದಿ ಎಲ್ಲ ಸರಿ ಇದ್ದು. ನೀ ಎಂತ ಮಾಡಿದ್ದೆ?"

"ನಂದೂ ಸರಿ ಇದ್ದು."

ಪರಿಮಳಾ ಅಳು ನುಂಗಿ ಮೆಲ್ಲಗೆ ಹೇಳಿದಳು. "ನೀ ಹೇಳಿದಂಗೇ ಮಾಡಿದ್ದೆ. ನಿಲ್ಸಿದ್ದೆ."

ಆ ಕಡೆಯಿಂದ ಕಿಶೋರ ಕೂಗಿದ. "ಅಯ್ಯೋ ನನ್ನ ಕರ್ಮವೇ! ಆನು ನೀ ಹೇಳಿದಂಗೆ ಮಲಗ್ಸಿದ್ದೆ!"

ಪರಿಮಳೆಗೆ ನಗು ಬಂತು, ಅಳುವೂ ಬಂತು. ತನಗಾಗಿ ಅವನು ಸೋತಿದ್ದ! ಅವನಿಗಾಗಿ ತಾನೂ ಸೋತಿದ್ದಳು. ಗೆಲ್ಲುವವರಿಲ್ಲದೆ ಲಿಂಕ್ ಕೆಟ್ಟಿತ್ತು.

"ತಡಿ, ಈಗ ಸರಿ ಮಾಡ್ತೆ!" ಎಂದ ಅವನು.

"ಆನೇ ಮಾಡ್ತೆ!" ಎಂದಳು ಇವಳು. ಎರಡೂ ಫೋನು ಒಟ್ಟಿಗೇ ಕೆಳಗೆ ಬಿದ್ದವು. ಅವಳು ಸೀರೆ ಸಿಕ್ಕಿಸಿಕೊಂಡು ಗುಡ್ಡಕ್ಕೆ ಓಡಿದಳು. ತಿಮ್ಮ ಗೊಣಗುತ್ತ ಜಾಲರಿ ಮಲಗಿಸಿದ. ಇಳಿದು ಬಂದು ನೋಡಿದರೆ ಸಿಗ್ನಲ್ ಇಲ್ಲ!

ಆಗುವುದಾದರೂ ಹೇಗೆ? ಅಲ್ಲಿ ಅವನೂ ಓಡಿಹೋಗಿ ನಿಲ್ಲಿಸಿರುತ್ತಾನೆ.

"ಎಂತಾತು ತಂಗಿ?" ಶಾಂತಾರಾಮ ಹೆಗಡೆಯವರು ಬಾಗಿಲಿಗೆ ಬಂದರು. ಹಿಂದೆ ಕಮಿಟಿ ಪೂರ್ತಿ ಇತ್ತು. ಗುಡ್ಡದ ಮೇಲಿಂದ ತಿಮ್ಮ ಕೂಗಿದ, "ಅಮ್ಮಾ, ಮತ್ತೆ ತಿರುಗ್ಸೂದಾ?"

ಫೋನ್ ಮಾಡಿದಳು. ರಿಂಗಾಗುತ್ತಲೇ ಇತ್ತು, ಎತ್ತುವವರಿಲ್ಲ. ಅವನಿನ್ನೂ ಅಂಗಡಿಯ ತಾರಸಿಯ ಮೇಲೇ ಇದ್ದಾನೆ. ಈಗ ಹೇಳುವವರು ಯಾರು, ಕೇಳುವವರು ಯಾರು? ತಾನು ತಿರುಗಿಸಿ ಅವನೂ ತಿರುಗಿಸಿದರೆ ಮತ್ತೆ ಅದೇ ಕಥೆ. ಇಬ್ಬರೂ ಕೈಕಟ್ಟಿ ಕೂತರೂ ಅದೇ ಕಥೆ. ಎಲ್ಲರ ಕಣ್ಣೂ ಅವಳ ಮೇಲಿತ್ತು.

ಪರಿಮಳಾ ಕಣ್ಣು ಮುಚ್ಚಿದಳು. ಕಿಶೋರ ಈಗ ಏನು ಮಾಡುತ್ತಿರಬಹುದು? ಅವನು ಸುಮ್ಮನೆ ಕೂರುವವನೇ ಅಲ್ಲ. ಜಗಳದಲ್ಲಿ ಅವನ ಬಾಯಿ ಸೋಲುವುದಿಲ್ಲ, ಕೈ ಮಾತ್ರ ತನ್ನ ಮಾತಿಗೆ ಸೋತು ಜಾಲರಿ ತಿರುಗಿಸುತ್ತದೆ.

"ಬೇಡ ತಿಮ್ಮ. ಹಾಂಗೇ ಇರಲಿ. ಇಳಿದು ಬಾ."

"ಎಂತಕ್ಕೆ ಬೇಡ?" ಅಧ್ಯಕ್ಷರು ಗಾಬರಿಯಾದರು.

"ಅವನೇ ತಿರುಗಿಸ್ತ" ಎಂದು ಪರಿಮಳಾ ಕುರ್ಚಿಯಲ್ಲಿ ಕೂತಳು.

ಕಮಿಟಿಯವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಯಾರೋ ಗೊಬ್ಬರದ ಲಾರಿ ಯಾವಾಗ ಬರುತ್ತದೆ ಅಂತ ಕೇಳಿದರು. ಅಷ್ಟರಲ್ಲಿ ಪರದೆಯ ಮೂಲೆಯಲ್ಲಿ ಒಂದು ಹಸಿರು ಗೆರೆ ಎದ್ದಿತು. ಅದರ ಪಕ್ಕ ಇನ್ನೊಂದು. ಮತ್ತೊಂದು.

"ಬಂತು!" ಪರಿಮಳಾ ಎದ್ದು ನಿಂತು ಕಿರುಚಿದಳು. ಕಮಿಟಿಯವರು ಕವಳದ ಬಾಯಲ್ಲೇ ಜೈ ಅಂದರು. ಶಾಂತಾರಾಮ ಹೆಗಡೆಯವರು ಕನ್ನಡಕ ಏರಿಸಿ ಪರದೆಗೆ ಮೂಗು ತಾಗಿಸಿದರು. "ಎಲ್ಲಿದ್ದು ರೇಟು? ತೋರ್ಸು, ತೋರ್ಸು."

ರೇಟು ಬರುವ ಮೊದಲೇ ಚ್ಯಾಟಿನ ಕಿಟಕಿ ತೆರೆಯಿತು. ಇಂಗ್ಲಿಷ್ ಅಕ್ಷರದಲ್ಲಿ ಹವ್ಯಕ ಮಾತು, ಕಿಶೋರನದು.

"ಆನು ತಿರುಗಿಸಿದೆ. ನೀನೂ ತಿರುಗಿಸಿಬಿಟ್ರೆ ಹೇಳಿ ಜೀವ ಹೋಗಿತ್ತು. ನೀ ಎಂತಕ್ಕೆ ತಿರುಗಿಸಿದ್ದಿಲ್ಲೆ?"

ಪರಿಮಳಾ ಹಿಂದೆ ಮುಂದೆ ನೋಡದೆ ಒತ್ತಿದಳು: "ನೀ ತಿರುಗಿಸ್ತೆ ಹೇಳಿ ಗೊತ್ತಿತ್ತು."

ಕಮಿಟಿಯವರೆಲ್ಲ ಅವಳ ಕುರ್ಚಿಯ ಹಿಂದೆ ಒತ್ತೊತ್ತಾಗಿ ನಿಂತಿದ್ದರು. ಅವರಿದ್ದಾರೆ ಅನ್ನುವುದು ಪಾಪ, ಶಿರಸಿಯಲ್ಲಿದ್ದವನಿಗೆ ಹೇಗೆ ಗೊತ್ತಾಗಬೇಕು? ಅಕ್ಷರಗಳು ಬಂದವು. ಶಾಂತಾರಾಮ ಹೆಗಡೆಯವರು ರೇಟೇ ಬಂತೆಂದು ಕೂಡಿಸಿ ಕೂಡಿಸಿ, ಊರಿಗೆಲ್ಲ ಕೇಳುವ ಹಾಗೆ ಓದಿದರು.

"ಇಷ್ಟು... ಗೊತ್ತಿದ್ದವಳನ್ನ... ಬಿಟ್ಟು... ಆನು ಎಲ್ಲಿಗೂ ಹೋಗ್ತಿಲ್ಲೆ. ನನ್ನ... ಮದುವೆ... ಆಗ್ತ್ಯಾ?"

ಓದಿ ಮುಗಿಸಿದ ಮೇಲೆ ಅವರಿಗೆ ತಿಳಿಯಿತು, ತಾವು ಓದಿದ್ದು ಏನೆಂದು.

ಪರಿಮಳಾ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ಕಿವಿಯವರೆಗೂ ಕೆಂಪಾಗಿತ್ತು. ಹೆಗಡೆಯವರು ಕನ್ನಡಕ ತೆಗೆದು ಒರೆಸಿ, ಮತ್ತೆ ಹಾಕಿಕೊಂಡು, ಗಂಟಲು ಸರಿಮಾಡಿಕೊಂಡರು.

"ಉತ್ತರ ಕೊಡೇ ತಂಗಿ. ಕಮಿಟಿ ಕಾಯ್ತಾ ಇದ್ದು."

ಅವಳು ಸೆರಗು ಸರಿಸಿದಳು. ನಗು ತಡೆಯಲು ತುಟಿ ಕಚ್ಚಿಕೊಂಡು, ಎಲ್ಲರೂ ನೋಡುತ್ತಿರುವಾಗಲೇ, ಒಂದೊಂದೇ ಅಕ್ಷರ ಒತ್ತಿದಳು:

"ಅಡ್ಡಿಲ್ಲೆ."